ಬಿಸಿ ಕನ್ನಡಿ

ಮನೆಯ ಗೋಡೆಗಳ ತುಂಬ ಕನ್ನಡಿ ತೂಗುಹಾಕಿಕೊಂಡು, ಗಡ್ಡ ಮಾತ್ರ ಬಕೀಟಿನ ನೀರಿನಲ್ಲಿ ಮುಖ ನೋಡಿಕೊಂಡು ಕೆರೆದುಕೊಳ್ಳುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು ಬಂತು, ಅವನು ನನ್ನ ಸೋದರಮಾವ!

ಆನೆಗೊಂದಿಯ ಅವನ ಮನೆಯಲ್ಲಿದ್ದವು ಸಂತೆಯ ಕನ್ನಡಿಗಳಲ್ಲ. ಕಿನ್ನಾಳದ ಚಿತ್ರಗಾರರು ಕಟ್ಟಿಗೆಯಲ್ಲಿ ದ್ಯಾಮವ್ವನನ್ನು ಕೆತ್ತಿ, ಬಣ್ಣ ಹಚ್ಚಿ, ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆಯುತ್ತಾರೆ. ಆಗ ತೆರೆದ ಕಣ್ಣಿನ ಮೊದಲ ನೋಟ ಬಲು ಉರಿಯಂತೆ. ಅದಕ್ಕೆ ಕಣ್ಣು ಕೂಡಿಸಿದವರು ಉಳಿಯುವುದಿಲ್ಲವಂತೆ. ಹಾಗಾಗಿ ಎದುರಿಗೆ ಒಂದು ಹೊಸ ಕನ್ನಡಿ ಇಡುತ್ತಾರೆ. ಅದು ಯಾರೂ ಮುಖ ನೋಡಿಕೊಂಡಿರದ ಕನ್ನಡಿಯಾಗಿರಬೇಕು. ದೇವಿಯ ನೋಟ ಕುಡಿದ ಮೇಲೆ ಅದನ್ನು ಹೊಳೆಗೆ ಬಿಡಬೇಕು. ನಮ್ಮ ಮಾವ ಹೊಳೆಗೆ ಅಡ್ಡ ನಿಂತು, ಕಾಡಿ ಬೇಡಿ ಅದನ್ನು ಮನೆಗೆ ತರುತ್ತಿದ್ದ!

ಒಮ್ಮೆ ಆ ಮನೆಗೆ ಕಳ್ಳ ಬಂದಿದ್ದ. ಸುತ್ತಲೂ ಅಷ್ಟು ಕನ್ನಡಿ ಕಂಡು, ಅವು ಎಂಥವೆಂದು ನೆನಪಾಗಿ, ಏನನ್ನೂ ಮುಟ್ಟದೆ ಓಡಿಹೋದ. ತನ್ನ ಹೊಸ ಟವೆಲ್ಲನ್ನೂ ಬಿಟ್ಟು ಹೋದ. ಮಾವ ಅದನ್ನು ಬಹಳ ದಿನ ಹೆಗಲಿಗೆ ಹಾಕಿಕೊಂಡು ತಿರುಗಿದ.

ಇಷ್ಟೆಲ್ಲ ಹುಚ್ಚು ಯಾತಕ್ಕೆ? ಮಗಳು ನೀಲವ್ವನಿಗಾಗಿ. ಚಿಕ್ಕವಳಿದ್ದಾಗ ಸಿಡುಬು ಬಂದು ಅವಳ ಎರಡೂ ಕಣ್ಣು ಹೋಗಿದ್ದವು.

"ನೋಟ ತುಂಬಿದ ಕನ್ನಡಿ ಇಲ್ಲೈತಿ. ನೋಟ ಇಲ್ಲದ ಮಗಳು ಇಲ್ಲದಾಳ. ಇದರಾಗಿಂದ ಅದರಾಗ ಸುರುವಿದರ ಆತು!" ಎಂದು ಮಾವನ ವಾದ. ನೋಟವೆಂದರೆ ಚರಿಗೆಯ ನೀರೇ? ಕೇಳುವ ಹಾಗಿರಲಿಲ್ಲ. ಪ್ರತಿ ಹೊಸ ಕನ್ನಡಿಯ ಮುಂದೆಯೂ ಮಗಳನ್ನು ನಿಲ್ಲಿಸಿ, "ಏನರ ಕಂಡ್ತೇನವ್ವಾ?" ಎನ್ನುತ್ತಿದ್ದ. ಅವಳು, "ಮಬ್ಬ ಮಬ್ಬ ಕಂಡಂಗಾಕ್ಕೈತಪ್ಪಾ" ಎನ್ನುತ್ತಿದ್ದಳು. ಮಾವ ಮತ್ತೊಂದು ಮೊಳೆ ಹೊಡೆಯುತ್ತಿದ್ದ.

"ಯಾಕ ಸುಳ್ಳ ಹೇಳತಿ?" ಎಂದು ನಾನೊಮ್ಮೆ ಕೇಳಿದೆ.

"ಇಲ್ಲ ಅಂದರ ಅಪ್ಪನ ಉಸರು ನಿಂತ ಬಿಡತೈತಿ. ನಿಮಗ ಕೇಳೂದಿಲ್ಲ, ನನಗ ಕೇಳತೈತಿ" ಎಂದಳು.

ಸೋದರಮಾವನ ಮಗಳ ಮೇಲೆ ಸೋದರಳಿಯನ ಹಕ್ಕು ಮೊದಲನೆಯದು, ಅದು ನಮ್ಮ ಕಡೆಯ ಪದ್ಧತಿ. ಹಕ್ಕಿನ ಮಾತು ಬಿಡಿ, ನನಗೆ ಅವಳೇ ಬೇಕಾಗಿತ್ತು. ಹೋಗಿ ಕೇಳಿದೆ. ಮಾವ ಸಿಡಿದೆದ್ದ.

"ಕುರುಡ ಮಗಳನ್ನ ನಿನ್ನ ಕೊರಳಿಗೆ ಕಟ್ಟಿ, ನಾಳೆ ನೀ ಉಪಕಾರ ಮಾಡೀನಿ ಅನ್ನೂದನ್ನ ಕೇಳ್ಬೇಕೇನು ನಾ? ಅಕಿ ಕನ್ನಡಿ ಎದುರು ನಿಂತು ನೋಡಿ ತನ್ನ ಕೈಲೆ ಕುಂಕುಮ ಹಚ್ಚಿಕೊಂಡ ದಿನ ಬಾ. ಅಲ್ಲೀತನ ಗಾಡಿ ಹೊಡಿ!"

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಗಂಗಾವತಿಯ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಬೆಳೆದು, ಎಂಬತ್ತರ ದಶಕ ಹುಟ್ಟುವ ಹೊತ್ತಿಗೆ ಸ್ವಂತ ಮೆಟಡಾರಿನ ಮಾಲಕನಾಗಿದ್ದೆ. ಯಾರ ಉಪಕಾರವನ್ನೂ ತೆಗೆದುಕೊಂಡವನಲ್ಲ, ಯಾರಿಗೂ ಉಪಕಾರ ಮಾಡುವ ದೊಡ್ಡಸ್ತಿಕೆಯೂ ನನಗಿಲ್ಲ. ಆದರೆ ಮಾವನಿಗೆ ಹೇಳುವವರು ಯಾರು? ಗಾಡಿ ಹೊಡೆದೆ.

ಅದೂ ಅವನದೇ ಯೋಜನೆ. ಕಿನ್ನಾಳಕ್ಕೆ ಮೇಲಿಂದ ಮೇಲೆ ಹೋಗಬೇಕಲ್ಲ? ಅದಕ್ಕೆ ಮಾವ ಗೈಡ್ ಆದ! ನನ್ನ ಮೆಟಡಾರಿನ ಬೆನ್ನಿಗೆ 'ರಾಜಧಾನಿಯಿಂದ ಕಲೆಗಾರರ ಊರಿಗೆ, ಒಂದೇ ದಿನದಲ್ಲಿ' ಎಂದು ಬರೆಸಿದ. "ರಾಜಧಾನಿ ಯಾವುದ್ರಿ?" ಎಂದು ಯಾರಾದರೂ ಕೇಳಿದರೆ, "ಆನೆಗೊಂದಿರಿ! ಇನ್ಯಾವುದು?" ಎಂದು ಗದರುತ್ತಿದ್ದ. "ದೊರೆಗಳು ಹೋಗಿ ಎಷ್ಟೋ ಶತಮಾನ ಆತಲ್ರಿ?" ಎಂದರೆ, "ಹೋಗ್ಯಾರಂತ ನಿಮಗ ಯಾರು ಹೇಳಿದರು?" ಎಂದು ದನಿ ತಗ್ಗಿಸುತ್ತಿದ್ದ. ಅಲ್ಲಿಗೆ ಹಿಂದಿನ ಸೀಟಿನವರು ಒಬ್ಬರಿಗೊಬ್ಬರು ಹತ್ತಿರ ಸರಿಯುತ್ತಿದ್ದರು.

ಊರ ಕೋಟೆಬಾಗಿಲು ಬಂದ ಕೂಡಲೇ, "ನಿಲ್ಲಸು! ದೊರಿಗಳ ಆನಿ ದಾಟಾಕತ್ತಾವ!" ಎಂದು ಕೈ ಅಡ್ಡ ಹಿಡಿಯುತ್ತಿದ್ದ. ದಾರಿ ಬರಿದೋ ಬರಿದು! ಎಂಜಿನ್ ಬಂದ್ ಮಾಡಬೇಕು, ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. ಎರಡೂ ಕಡೆ ಬಂಡೆಗಳು, ನಡುವೆ ಗಾಳಿ. ನಾನು ಒಳಗೊಳಗೇ ನಗುತ್ತಿದ್ದೆ, ಒಂದು ದಿನ ಬಾಗಿಲ ನಡುವೆ ಮಲಗಿದ್ದ ನಾಯಿ ತಾನಾಗಿ ಎದ್ದು, ಬಾಲ ಕಾಲೊಳಗೆ ಇಟ್ಟುಕೊಂಡು ಬದಿಗೆ ಸರಿದು ನಿಲ್ಲುವುದನ್ನು ನೋಡುವವರೆಗೆ. ಅಂದಿನಿಂದ ಎಂಜಿನ್ ನಾನೇ ಬಂದ್ ಮಾಡತೊಡಗಿದೆ.

ಒಂದು ಸಲ ಮಾವನಿಗೆ ಹೊಸದೊಂದು ಹೊಳೆಯಿತು.

"ಇಷ್ಟು ದಿನ ತಪ್ಪಿದ್ದೆಲ್ಲಿ ಗೊತ್ತೈತೇನು? ಕಿನ್ನಾಳದಾಗ ತುಂಬಿದ ನೋಟ ಆನೆಗೊಂದಿ ಮುಟ್ಟೂದರಾಗ ಆರಿ ಹೋಗತೈತಿ. ಬಿಸಿ ಇದ್ದಾಗ ನೋಡ್ಬೇಕು!"

"ಮಿರ್ಚಿ ಭಜಿ ಏನು ಮಾವಾ ಅದು?" ಎಂದೆ.

"ನೀ ಗಾಡಿ ನೋಡ್ಕೋ."

ಹೀಗೆ ನೀಲವ್ವ ಮೊದಲ ಬಾರಿಗೆ ನನ್ನ ಗಾಡಿ ಹತ್ತಿದಳು. ಮುಂದಿನ ಸೀಟಿನಲ್ಲಿ ಗೈಡ್ ಸಾಹೇಬರು. ಹಿಂದೆ ಹೆಂಗಸರ ನಡುವೆ ಅವಳು. ಈ ಸಲ ತಾನೇ ಕೊಂಡು ಕಂಬಳಿಯಲ್ಲಿ ಸುತ್ತಿದ್ದ ಹೊಸ ಕನ್ನಡಿಯನ್ನು ಮಾವ ಹಿಂದಿನ ಬೆಂಚಿನ ಮೇಲೆ ಮಲಗಿಸಿದ. ಸಣಾಪುರ ದಾಟಿ, ಹುಲಿಗಿಯಲ್ಲಿ ಅಮ್ಮನಿಗೆ ಕೈಮುಗಿದು, ಕೊಪ್ಪಳದ ಮೇಲೆ ಕಿನ್ನಾಳ ಮುಟ್ಟಿದೆವು.

ಚಿತ್ರಗಾರರ ಮನೆಯ ಒಳಗೆ ಹಾಡುಹಗಲೇ ಕತ್ತಲು, ಹುಣಸೆಬೀಜದ ಅಂಟಿನ ವಾಸನೆ. ಗೋಡೆಯುದ್ದಕ್ಕೂ ಸಾಲಾಗಿ ಕೂತ ದೇವರುಗಳಿಗೆ ಮೂಗು, ತುಟಿ, ಮೂಗುತಿ ಎಲ್ಲ ಇದ್ದವು. ಕಣ್ಣಿನ ಜಾಗ ಮಾತ್ರ ಬೆಳ್ಳಗೆ, ನುಣ್ಣಗೆ. ನಮ್ಮ ಜೊತೆ ಬಂದಿದ್ದ ತಾವರಗೇರಿಯ ಕಾಳಿನ ವ್ಯಾಪಾರಿಯ ಹೆಂಡತಿ ಸೆರಗು ಬಿಗಿಹಿಡಿದಳು.

"ಯಜ್ಜಾ, ಇವೆಲ್ಲಾ ನಮ್ಮ ಕಡೆನ ತಿರುಗಿ ಕುಂತಂಗ ಅನಸ್ತೈತಲ್ರಿ?"

"ಕಣ್ಣಿಲ್ಲಲ್ಲವ್ವಾ, ಅದಕ್ಕ ಕಿವಿ ಕೊಟ್ಟು ಕುಂತಾವ" ಎಂದ ಮುದಿ ಚಿತ್ರಗಾರ.

ನಡುವೆ ಆಳೆತ್ತರದ ದ್ಯಾಮವ್ವ. ಯಲಬುರ್ಗಾ ಕಡೆಯ ಹಳ್ಳಿಯವರು ಅವಳನ್ನು ಒಯ್ಯಲು ಹೊರಗೆ ಬಂಡಿ ಹೂಡಿಕೊಂಡು ಕಾಯುತ್ತಿದ್ದರು. ಚಿತ್ರಗಾರ ಕುಂಚ ಅದ್ದಿ, "ಹೊತ್ತ ಬಂತು, ಕನ್ನಡಿ ತರ್ರಿ" ಎಂದ. ಮಾವ ಕಂಬಳಿ ಎತ್ತಿದ. ಒಳಗಿನಿಂದ ಝಲ್ ಎಂದಿತು!

ವ್ಯಾಪಾರಿ ಎಲ್ಲರಿಗಿಂತ ಮೊದಲು ತಲೆ ತಗ್ಗಿಸಿದ. "ಮೆತ್ತಗ ಕಂಡಿತು... ದಿಂಬು ಅಂತ ತಿಳಿದು ಕುಂತೆರಿ. ಸಣಾಪುರದ ತಗ್ಗಿನಾಗ ಚಟ್ ಅಂತು."

"ಆಗ ಹೇಳೂದಲ್ಲೇನ್ರಿ!" ಎಂದ ಮಾವ.

"ಏಳಾಕ ಅಂಜಿಕಿ ಆತ್ರಿ. ಅದರ ಮಾರಿ ನೋಡಬಾರದಂತ ನೀವ ಹೇಳಿದ್ರಲ್ಲ!"

ಪುಣ್ಯಾತ್ಮ ಕಿನ್ನಾಳದವರೆಗೂ ಚೂರುಗಳ ಮೇಲೆಯೇ ಕೂತು ಬಂದಿದ್ದ! ನಾನು ಮೆಟಡಾರಿನ ಕನ್ನಡಿ ಬಿಚ್ಚಿ ತರುತ್ತೇನೆ ಎಂದೆ. ಚಿತ್ರಗಾರ ತಲೆಯಾಡಿಸಿದ: "ಬ್ಯಾಡ ತಮ್ಮಾ. ಅದರ ತುಂಬ ಬಿಟ್ಟು ಬಂದ ದಾರಿ ಐತಿ."

ಹೊಸ ಕನ್ನಡಿ ತರಲು ಕೊಪ್ಪಳಕ್ಕೆ ಹೋಗಬೇಕು. ಹೊತ್ತು ಮೀರುತ್ತಿತ್ತು. ಹೊರಗೆ ಡೊಳ್ಳು ಶುರುವಾಗಿತ್ತು. ಆಗ ನೀಲವ್ವ ಗೋಡೆ ಸವರುತ್ತ ಮುಂದೆ ಬಂದು ದೇವಿಯ ಎದುರಿಗೆ ನಿಂತಳು.

"ನಾ ನಿಂದ್ರತೀನ್ರಿ."

"ಬ್ಯಾಡವ್ವಾ!" ಮಾವ ಅವಳ ಕೈ ಹಿಡಿದು ಎಳೆದ. "ಕಣ್ಣು ಕೂಡಿದರ ನೀ ಉಳಿಯಂಗಿಲ್ಲ!"

"ಕೂಡಸಾಕ ನನ್ನ ಕಡೆ ಏನೈತಪ್ಪಾ?"

"ಮಬ್ಬ ಮಬ್ಬ ಕಾಣತೈತಿ ಅಂತಿದ್ದೆಲ್ಲವ್ವಾ!"

ನೀಲವ್ವ ಅಪ್ಪನ ದನಿಯ ಕಡೆಗೆ ಮುಖ ತಿರುಗಿಸಿದಳು. "ಸುಳ್ಳಪ್ಪಾ. ಒಂದ ದಿನಾನೂ, ಏನಂದರ ಏನೂ ಕಂಡಿಲ್ಲ."

ಆ ದಿನ ಮಾವನ ಉಸಿರು ನಿಂತದ್ದು ನಮಗೂ ಕೇಳಿಸಿತು. ಅವನ ಕೈ ತಾನಾಗಿ ಸಡಿಲಾಯಿತು. ಅಲ್ಲೇ ಕಂಬದ ಬುಡಕ್ಕೆ ಕುಸಿದು ಕೂತ.

ನಾವೆಲ್ಲ ದೇವಿಯ ಬೆನ್ನ ಹಿಂದೆ ಸರಿದೆವು. ನಾನು ಒಂದು ಹೆಜ್ಜೆ ನೀಲವ್ವನ ಕಡೆಗೆ ಇಟ್ಟೆ. ಚಿತ್ರಗಾರ ಕಣ್ಣಲ್ಲೇ ತಡೆದ. ಅವನು ಮುಖ ಆಚೆ ತಿರುಗಿಸಿಕೊಂಡು ಕುಂಚ ಎತ್ತಿದ. ಡೊಳ್ಳು ಯಾಕೋ ತಾನೇ ನಿಂತಿತು. ಜಂತಿಯಲ್ಲಿ ಚಿಲಿಪಿಲಿ ಹಚ್ಚಿದ್ದ ಗುಬ್ಬಿಗಳೂ ನಿಂತವು. ಗೋಡೆಯುದ್ದಕ್ಕೂ ಕೂತ ಕಣ್ಣಿಲ್ಲದ ಮುಖಗಳೆಲ್ಲ ಒಂದಿಷ್ಟು ಮುಂದೆ ಬಾಗಿದವೋ ಏನೋ, ನಾನು ಆಣೆ ಮಾಡಲಾರೆ. ಹಣೆಯ ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ನೀಲವ್ವ ಸಣ್ಣಗೆ ಅಂದಳು: "ಯಾರೋ ಎದುರಿಗೆ ಬಂದರು."

ಇನ್ನೂ ಸಣ್ಣಗೆ ಅಂದಳು: "ನನ್ನ ನೋಡಾಕತ್ಯಾರ."

ಅವಳು ಕೆಳಗೆ ಬೀಳಲಿಲ್ಲ. ನಗುತ್ತಿದ್ದಳು. ಚಿತ್ರಗಾರ ಕುಂಕುಮದ ಬಟ್ಟಲನ್ನು ಅವಳ ಮುಂದೆ ಹಿಡಿದ. ಅವಳು ತಡವಿ ದೇವಿಯ ಹಣೆಗೆ ಹಚ್ಚಿದಳು. ಅದೇ ಬೆರಳಿನಿಂದ ತನ್ನ ಹಣೆಗೂ ಹಚ್ಚಿಕೊಂಡಳು.

"ಅಪ್ಪಾ, ಎದುರು ನಿಂತು ಹಚ್ಚಿಕೊಂಡೀನಿ. ನಾ ನೋಡಲಿಲ್ಲ, ಅಕಿ ನೋಡಿದಳು. ನಟ್ಟಗ ಬಂದೈತೇನು?"

ಕುಂಕುಮ ಜೋಳದ ಕಾಳಿನಷ್ಟು ಎಡಕ್ಕೆ ಸರಿದಿತ್ತು. ಮಾವ ಎದ್ದು ಬಂದು ಅವಳ ಗಲ್ಲ ಹಿಡಿದು ನೋಡಿದ, ಬಹಳ ಹೊತ್ತು ನೋಡಿದ.

"ನಟ್ಟ ನಡಕ ಐತೆವ್ವಾ" ಎಂದ. ಸಾಲ ತೀರಿಸುವಂತೆ ಅವನೂ ಅವಳಿಗೊಂದು ಸುಳ್ಳು ಹೇಳಿದ್ದ.

ಮರಳುವಾಗ ಮಾವ ಮುಂದಿನ ಬಾಗಿಲು ತೆಗೆದು ನೀಲವ್ವನನ್ನು ನನ್ನ ಪಕ್ಕದಲ್ಲಿ ಕೂರಿಸಿದ. ತಾನು ಹಿಂದೆ ಹೋಗಿ ವ್ಯಾಪಾರಿಯ ಜೊತೆ ಕೂತ. ಹೊತ್ತು ಇಳಿಯುವಾಗ ಕೋಟೆಬಾಗಿಲು ಬಂತು. ರೂಢಿಯಂತೆ ಎಂಜಿನ್ ಬಂದ್ ಮಾಡಿದೆ. ಬಂಡೆಗಳ ನಡುವೆ ಗಾಳಿ. ನಾಯಿ ಬದಿಗೆ ಸರಿದು ನಿಂತಿತ್ತು.

ಹಿಂದಿನಿಂದ ಮಾವ ಎದ್ದು, ಕಿಟಕಿಯಿಂದ ಮುಖ ಹೊರಗೆ ಹಾಕಿ, ಬರಿದಾದ ದಾರಿಗೆ ಕೂಗಿ ಹೇಳಿದ:

"ದೊರೀ, ಒಂದೀಟು ಆನಿ ತಡೀರಿ. ಇವತ್ತ ನನ್ನ ಮಗಳು ಮೊದಲು ಹೋಗಲಿ. ಮದುಮಗಳದಾಳ."

ನೀಲವ್ವ ತಲೆ ಓರೆ ಮಾಡಿ ಆಲಿಸಿದಳು. "ಗಂಟಿ ಸಪ್ಪಳ ನಿಂತೈತಿ. ನಡೀರಿ" ಎಂದಳು ನನಗೆ.

ಗಾಡಿ ಬಾಗಿಲು ದಾಟಿತು. ಬಿಟ್ಟು ಬಂದ ದಾರಿ ತುಂಬಿದ ನನ್ನ ಕನ್ನಡಿಯಲ್ಲಿ ನೋಡಿದೆ: ಮಾವ ಆ ಕಳ್ಳನ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ, ಹಿಂದೆ ಯಾರಿಗೋ ಕೈ ಮುಗಿಯುತ್ತಿದ್ದ.