ತೊಟ್ಟಿಲಲ್ಲಿ ಇದ್ದ ಎಣ್ಣೆ

ಗಂಡ ಸತ್ತ ಮೇಲೆ ಚಂಪಾಬಾಯಿಗೆ ಅವನ ಮೇಲೆ ಉಳಿದ ಸಿಟ್ಟು ಒಂದೇ. ಬಾಟಲಿಗಳ ಮೇಲೆ ಯಾವ ಎಣ್ಣೆ ಎಂದು ಬರೆಯದೆ ಹೋದ. (ಬರೆದಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ. ಸಿಟ್ಟಿಗೆ ಅದೆಲ್ಲ ಬೇಕಿಲ್ಲ.)

ಗಂಡ ಮಾಣಿಕಪ್ಪನಿಗೆ ಎಣ್ಣೆಯ ಹುಚ್ಚು. ಕಾಸಾರಶಿರಸಿಯ ಬಳಿಯ ಆ ಊರಿನಲ್ಲಿ ಉಳಿದ ಗಂಡಸರಿಗೆ ಚಹಾ, ತಂಬಾಕು. ಇವನಿಗೆ ಗಾಣ. ಗಾಣದ ಮನೆಯ ಕಲ್ಲಿನ ಮೇಲೆ ಕೂತು, ಕಣ್ಣೆದುರು ಹಿಂಡಿಸಿ, ಅಂಗೈಗೆ ಹಾಕಿ ಮೂಸಿ, ಆಮೇಲೆ ತರುವವನು. ಮುಖಕ್ಕೆ ಕುಸುಬಿ, ಚಳಿಗಾಲದ ಮೈಗೆ ಎಳ್ಳು, ಹಿಮ್ಮಡಿಗೆ ಔಡಲ, ತುರಿಕೆಗೆ ಬೇವು. ಬೇವನ್ನು ಮಾತ್ರ ಬರೀ ಹಚ್ಚಬಾರದು, ಅದು ಉರಿಯುತ್ತದೆ, ಎರಡು ಹನಿಯನ್ನು ಎಳ್ಳೆಣ್ಣೆಯ ಹೆಗಲ ಮೇಲೆ ಕೂರಿಸಿ ಕಳಿಸಬೇಕು ಎನ್ನುವವನು. ರಜಾಕಾರರ ಗದ್ದಲದಲ್ಲಿ ಊರೆಲ್ಲ ಹೊಲಕ್ಕೆ ಓಡಿತಲ್ಲ, ಆಗ ಮಂದಿ ಬಂಗಾರ ಕಟ್ಟಿಕೊಂಡು ಓಡಿದರು. ಮಾಣಿಕಪ್ಪ ಬಾಟಲಿಯ ಬುಟ್ಟಿ ಹೊತ್ತು ಓಡಿದ.

"ಜನಾ ಜೀವ ಹಿಡ್ಕೊಂಡು ಓಡ್ಲಾಕತ್ತಾರ, ನೀವೇನ್ರೀ ಇದು?" ಎಂದು ಚಂಪಾಬಾಯಿ ಜೋಳದ ನಡುವೆ ಕೂತು ಕೇಳಿದ್ದಳು.

"ಜೀವ ಉಳೀತಂದ್ರ ಅದರ ಮ್ಯಾಲ ತೊಗಲು ಇರಬೇಕಲ್ಲ" ಎಂದಿದ್ದ.

ಅಂಥವನು ಶ್ರಾವಣದಲ್ಲಿ ಹೋದ. ಚಂಪಾಬಾಯಿ ಬುಟ್ಟಿಯನ್ನು ಗೂಡಿನೊಳಗೆ ತಳ್ಳಿದಳು. ತನ್ನ ತಲೆಗೂ ಹನಿ ಎಣ್ಣೆ ಮುಟ್ಟಿಸಲಿಲ್ಲ. ಹಚ್ಚಬೇಡ ಎಂದು ಯಾರೂ ಹೇಳಿರಲಿಲ್ಲ. ಹಚ್ಚು ಎನ್ನುವವನೂ ಇರಲಿಲ್ಲ.

ಹೈದರಾಬಾದ ರಾಜ್ಯ ಒಡೆದು ಊರು ಮುಂಬಯಿ ಕಡೆ ಸೇರಿದ ಮರುವರ್ಷದ ಚಳಿಗಾಲ ಅದು. ಮಗಳು ಉಮಾಬಾಯಿ ಚೊಚ್ಚಲ ಬಾಣಂತನಕ್ಕೆ ಬಂದಳು, ಹೆಣ್ಣು ಹಡೆದಳು. ಮನೆಯಲ್ಲಿ ಮತ್ತೆ ಒಲೆ ಎರಡು ಹೊತ್ತು ಉರಿಯಿತು. ಆದರೆ ಚಳಿ ಬಿದ್ದು ಕೂಸಿನ ಮೈ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಏಳತೊಡಗಿತು. ಹೆಸರಿಡಲು ಉದಗೀರದಿಂದ ಬಂದ ಬೀಗತಿ ಶಿವಗಂಗಾಬಾಯಿ ಕೂಸಿನ ಕಾಲು ನೋಡಿದಳು, ಚಂಪಾಬಾಯಿಯ ಮುಖ ನೋಡಿದಳು.

"ಕೂಸಿಗಿ ಎಣ್ಣಿ ತಿಕ್ಕಲ್ಲೇನ್ರೀ ನೀವು?"

"ತಿಕ್ತೀವಲ್ಲರೀ."

"ಯಾವ ಎಣ್ಣಿ?"

ಚಂಪಾಬಾಯಿ ಗೂಡಿನ ಕಡೆ ಕೈ ಮಾಡಿದಳು. ಅದು ಉತ್ತರ ಅಲ್ಲ ಎಂದು ಅವಳಿಗೂ ಗೊತ್ತಿತ್ತು.

"ಬರೋ ಸೋಮವಾರ ಬರ್ತೀನಿ" ಎಂದಳು ಶಿವಗಂಗಾಬಾಯಿ. "ಮೈ ಹಿಂಗೇ ಇತ್ತಂದ್ರ ತಾಯಿ ಕೂಸಿನ ಕರ್ಕೊಂಡು ಹೋಗ್ತೀನಿ. ನಮ್ಮ ಕಡಿ ತಿಕ್ಕೋರದಾರ."

ಹೋಗುತ್ತೇನೆ ಎಂದರೆ ಹೋಗುವ ಹೆಂಗಸು ಅದು. ಬಸ್ಸಿನ ಕಂಡಕ್ಟರನೂ ಅವಳಿಗೆ ಹೆದರಿ ಕಿಟಕಿಯ ಸೀಟು ಬಿಡಿಸಿಕೊಡುತ್ತಿದ್ದ. ಚಂಪಾಬಾಯಿಗೆ ಆ ದಿನ ಊಟ ಸೇರಲಿಲ್ಲ. ಮಗಳು ಹೋದರೆ ಮನೆಯಲ್ಲಿ ಉಳಿಯುವವರು ಇಬ್ಬರು. ತಾನು, ಬಾಟಲಿಯ ಬುಟ್ಟಿ.

ಬುಟ್ಟಿ ಇಳಿಸಿದಳು. ತೆರೆದರೆ ಎಲ್ಲ ಕಮಟು ಹೊಡೆಯುತ್ತಿವೆ. ಶ್ರಾವಣದಿಂದ ಬಿರಡೆ ಸಡಿಲಾಗಿ ಕೂತ ಎಣ್ಣೆ ಮತ್ತೇನು ಆದೀತು. ಬೇವು ಯಾವುದು ಎಂದು ಮಾತ್ರ ತಿಳಿಯಿತು, ಅದು ಮೊದಲಿನಿಂದಲೂ ಹಾಗೇ ನಾರುತ್ತಿತ್ತು.

"ಯವ್ವಾ, ಗಾಣದ ಮನಿಗಿ ಹೋಗಿ ತಾಜಾ ತಗೊಂಡು ಬಾ" ಎಂದಳು ಉಮಾ.

"ನಾ ಹೋಗಲ್ಲ."

"ಯಾಕ?"

"ಅಲ್ಲಿ ಅವರು ಕೂಡೋ ಕಲ್ಲದ."

ಉಮಾ ಕೂಸಿನ ಕಾಲಿಗೆ ಅರಿವೆ ಸುತ್ತಿದಳು.

ಬೇರೆ ಎಣ್ಣೆ ಏನಾದರೂ ಉಳಿದಿದೆಯೇ ಎಂದು ನೋಡಲು ಭಾನುವಾರ ಚಂಪಾಬಾಯಿ ಅಟ್ಟ ಹತ್ತಿದಳು. ಉಮಾ ಮಲಗಿ ಬೆಳೆದ ಹಳೆಯ ಸಾಗವಾನಿ ತೊಟ್ಟಿಲು ಅಲ್ಲಿತ್ತು. ಮಗಳು ಬಸಿರು ಎಂದು ತಿಳಿದು ಗಂಡ ಅದನ್ನು ಒರೆಸಿಟ್ಟು ಸತ್ತಿದ್ದ. ಅದನ್ನು ಇಳಿಸಲು ಇವಳಿಗೆ ಮನಸ್ಸು ಬಾರದೆ, ಹೆಸರಿಡಲು ಓಣಿಯವರ ತೊಟ್ಟಿಲು ತಂದಿದ್ದರು. ಈಗ ಇಣುಕಿದರೆ ಒಳಗೆ ಒಂದು ಬಾಟಲಿ ಮಲಗಿತ್ತು. ಬಿರಡೆಗೆ ಮೇಣ. ಸುತ್ತಲೂ ಮೆತ್ತಗಿನ ಹಳೆಯ ಧೋತರದ ತುಂಡು.

ಚಂಪಾಬಾಯಿ ಬಾಟಲಿಯನ್ನು ಧೋತರದ ಸಮೇತ ಎತ್ತಿಕೊಂಡಳು. ಮೊಮ್ಮಗುವಿನ ಮುಖ ನೋಡದೆ ಹೋದವನು ಅದರ ಎಣ್ಣೆ ತೆಗೆದಿಟ್ಟು ಹೋಗಿದ್ದಾನೆ. ಒರೆಸಲು ಅರಿವೆ ಸಹಿತ. ಅವನ ಮೇಲಿನ ಸಿಟ್ಟನ್ನು ಆಕೆ ಅಟ್ಟದಲ್ಲೇ ಬಿಟ್ಟು ಇಳಿದಳು.

ಆದರೂ ಗಂಡನ ಪಾಠ ಒಂದು ನೆನಪಿತ್ತು. ಹೊಸ ಎಣ್ಣೆಯನ್ನು ಮೊದಲು ಗಟ್ಟಿ ತೊಗಲಿಗೆ ಹಚ್ಚಿ ನೋಡಬೇಕು, ಆಮೇಲೆ ಎಳೆಯ ತೊಗಲಿಗೆ. ಮನೆಯಲ್ಲಿ ಗಟ್ಟಿ ತೊಗಲು ಅವಳದೇ. ಸೋಮವಾರ ಬೆಳಿಗ್ಗೆ ಜಳಕ ಮಾಡಿ, ಎಡಗೈ, ಎಡಗಾಲಿಗೆ ಧಾರಾಳವಾಗಿ ಬಳಿದಳು. ಕೂಸಿನ ಮುಖಕ್ಕೆ ಹಚ್ಚಬೇಕೆಂದರೆ ಮುಖಕ್ಕೂ ನೋಡಬೇಕಲ್ಲ, ಎಡಗೆನ್ನೆಗೂ ಸವರಿದಳು. ಆರು ತಿಂಗಳ ಬಾಯಾರಿಕೆಯ ಮೈ ಅದು. ಬಿಸಿಲಿಗೆ ಕಟ್ಟೆಯ ಮೇಲೆ ಚಾಪೆ ಹಾಸಿ ಒರಗಿದ್ದೇ ತಡ, ನಿದ್ದೆ ಬಂತು. ಗಂಡ ಹೋದ ಮೇಲೆ ಅಂಥ ನಿದ್ದೆ ಬಂದಿರಲಿಲ್ಲ.

ಪಕ್ಕದ ಅಂಗಳದಲ್ಲಿ ಕುರುಬರ ಗುಂಡಮ್ಮ ಕಂಬಳಿಗೆ ಕರಿ ಉಣ್ಣೆ ಹಿಂಜುತ್ತಿದ್ದಳು. ಗಾಳಿ ಈ ಕಡೆಗಿತ್ತು.

ಮಧ್ಯಾಹ್ನದ ಬಸ್ಸಿಗೆ ಶಿವಗಂಗಾಬಾಯಿ ಇಳಿದು ಬಂದಳು. ಅಂಗಳದಲ್ಲಿ ಕಾಲಿಟ್ಟವಳು ಅಲ್ಲೇ ನಿಂತಳು.

"ಅಗಬಾಯಿ" ಎಂದಳು ಮೆಲ್ಲಗೆ. "ಉಮಾ, ನಿಮ್ಮವ್ವಗ ಏನಾಗ್ಯಾದ?"

"ಏನಾಗ್ಯಾದ್ರೀ ಅತ್ತಿ? ಬಿಸಲಾಗ ಮಲಗ್ಯಾಳ" ಎಂದಳು ಉಮಾ ಒಳಗಿನಿಂದ.

"ಅರ್ಧ ಮಲಗ್ಯಾರ. ಉಳದರ್ಧ ಕುರಿ ಆಗ್ಯಾರ."

ಚಂಪಾಬಾಯಿ ಕಣ್ಣು ಬಿಟ್ಟಳು. ಎದುರಿಗೆ ಬೀಗತಿ. ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಕೈ ಎತ್ತಿದಳು. ಕೈಗೆ ಸೆರಗು ಅಂಟಿತ್ತು, ಸೆರಗಿಗೆ ಚಾಪೆ ಅಂಟಿತ್ತು. ಚಾಪೆಯೂ ಅವಳ ಜೊತೆ ಎದ್ದು ಬೀಗತಿಗೆ ಮರ್ಯಾದೆ ಕೊಟ್ಟಿತು. ಎಡಗೈ, ಎಡಗಾಲು ಕರಿ ಉಣ್ಣೆಯಿಂದ ಸೊಂಪಾಗಿ ಬೆಳೆದಿದ್ದವು. ಕೆನ್ನೆಯ ಮೇಲೆ ಒಂದೇ ಕಡೆ ಗಡ್ಡ.

"ಬರ್ರಿ, ಕೂಡ್ರಿ" ಎಂದಳು ಚಂಪಾಬಾಯಿ. ಬೇರೆ ಏನು ಹೇಳುವುದು.

ಗೋಡೆಯ ಆಚೆಯಿಂದ ಗುಂಡಮ್ಮ ಇಣುಕಿದಳು. "ಯಕ್ಕಾ, ನನ್ನ ಉಣ್ಣಿ ಅಲ್ಲಿ ಬಂದಾದೇನು?"

"ಬಂದಾದ. ಕತ್ತರಿ ತಗೊಂಡು ಬಾ" ಎಂದಳು ಶಿವಗಂಗಾಬಾಯಿ.

ಅವಳು ಬಗ್ಗಿ ಚಂಪಾಬಾಯಿಯ ತೋಳು ಮೂಸಿದಳು. ಬಾಟಲಿ ಎತ್ತಿ ಅದನ್ನೂ ಮೂಸಿದಳು.

"ಇದು ಕುದಿಸಿದ ಅಗಸಿ ಎಣ್ಣಿ. ಕಟ್ಟಿಗಿಗಿ ಹಚ್ಚೋದು. ನಮ್ಮಲ್ಲಿ ಬಾಗಲಕ್ಕ ಹಚ್ತಾರ. ಒಣಗಿತಂದ್ರ ಮಳಿ ಸುದ್ದಾ ಒಳಗ ಇಳ್ಯಂಗಿಲ್ಲ. ಎಲ್ಲಿತ್ತಿದು?"

"ತೊಟ್ಟಲದಾಗ."

"ತೊಟ್ಟಲಕ್ಕ ಇಟ್ಟಿರಬೇಕು ಬೀಗರು." ಆಮೇಲೆ ಶಿವಗಂಗಾಬಾಯಿ ದನಿ ಇಳಿಸಿ ಕೇಳಿದಳು. "ಕೂಸಿಗಿ ಹಚ್ಚೀರೇನು?"

"ಇಲ್ಲರೀ. ಮದಲ ನಾ ಹಚ್ಕೊಂಡು ನೋಡೀನಿ."

ಶಿವಗಂಗಾಬಾಯಿ ಬಾಟಲಿ ಕೆಳಗಿಟ್ಟಳು. ಒಳಗೆ ಹೋಗಿ ಕೂಸನ್ನು ಬಿಚ್ಚಿ ನೋಡಿ ಬಂದಳು. ಬಂದು ಚಂಪಾಬಾಯಿಯ ಬಲಗಾಲು ಹಿಡಿದು ಎತ್ತಿದಳು. ಅದಕ್ಕೆ ಎಣ್ಣೆಯೂ ಇರಲಿಲ್ಲ, ಉಣ್ಣೆಯೂ ಇರಲಿಲ್ಲ. ಬೇಸಿಗೆಯ ಕರಿಮಣ್ಣಿನ ಹೊಲದಂತೆ ಹಿಮ್ಮಡಿ ಬಾಯಿ ಬಿಟ್ಟಿತ್ತು.

"ಯಾವಾಗಿಂದ ಹಿಂಗ?"

"ಶ್ರಾವಣದಿಂದ" ಎಂದಳು ಚಂಪಾಬಾಯಿ. ಅಷ್ಟು ಹೇಳಿದ್ದಕ್ಕೇ ಅಳು ಬಂತು. ಕೆನ್ನೆಯ ಗಡ್ಡಕ್ಕೆ ನೀರು ಇಳಿಯಿತು. ಬೀಗತಿ ಅದನ್ನು ನೋಡಿದಳು, ತುಟಿ ಕಚ್ಚಿಕೊಂಡಳು, ತಡೆಯಲಾಗದೆ ನಕ್ಕಳು. ಚಂಪಾಬಾಯಿಗೂ ಅಳುವಿನ ನಡುವೆ ನಗು ಬಂತು. ನಗಲು ಹೋದರೆ ಎಡಗೆನ್ನೆ ಬಿಗಿದಿತ್ತು. ಅರ್ಧ ಮುಖದಲ್ಲೇ ನಕ್ಕಳು.

ಗಾಣದ ಮನೆಗೆ ಇಬ್ಬರೂ ಹೋದರು. ಹೋಗಲ್ಲ ಎಂದರೆ ಕೇಳುವ ಬೀಗತಿ ಅಲ್ಲ. ಉಣ್ಣೆಯ ಮೇಲೆ ಸೆರಗು ಹೊದ್ದು ಚಂಪಾಬಾಯಿ ನಡೆದಳು. ಶಿವಗಂಗಾಬಾಯಿ ಮಾಣಿಕಪ್ಪನ ಕಲ್ಲಿನ ಮೇಲೆ ಧಸಕ್ಕನೆ ಕೂತು, "ಬರ್ರಿ, ಇಲ್ಲಿ ಜಾಗಾ ಅದ" ಎಂದಳು. ಚಂಪಾಬಾಯಿ ಅಂಚಿಗೆ ಕೂತಳು. ಕಲ್ಲು ಬರೀ ಕಲ್ಲು. ಬಿಸಿಲಿಗೆ ಬೆಚ್ಚಗಿತ್ತು.

ಎಳ್ಳೋ ಕುಸುಬಿಯೋ ಎಂದು ಅಲ್ಲಿ ಜಗಳವಾಯಿತು. ಊರು ಮುಂಬಯಿಗೋ ಮೈಸೂರಿಗೋ ಎಂದು ಚಾವಡಿಯಲ್ಲಿ ಆದ ಜಗಳಕ್ಕೆ ಅದೇನೂ ಕಡಿಮೆ ಇರಲಿಲ್ಲ.

"ಚಳಿಯಾಗ ಎಳ್ಳೇ ಬೇಕು, ಕಾವು ಕೊಡ್ತದ" ಎಂದಳು ಬೀಗತಿ.

"ಕುಸುಬಿ ಹಗುರ, ಎಳಿ ತೊಗಲು ಲಗೂ ಕುಡೀತದ. ನಮ್ಮವರು ಹೇಳ್ತಿದ್ರು."

"ನಿಮ್ಮವರು ಹೇಳಿದ್ದು ನಿಮ್ಮ ಕೆನ್ನಿ ಮ್ಯಾಲೇ ಅದ."

ಕಡೆಗೆ ಎರಡೂ ತಂದರು, ಹಿಮ್ಮಡಿಗೆ ಔಡಲವನ್ನೂ ತಂದರು. ಬೆಚ್ಚಗಿನ ಎಳ್ಳೆಣ್ಣೆ, ಕಡಲೆ ಹಿಟ್ಟು ಹಾಕಿ ಬೀಗತಿ ಚಂಪಾಬಾಯಿಯನ್ನು ತಿಕ್ಕಿದಳು. ಉಣ್ಣೆ ಹೋಯಿತು, ಅಂಟು ಹೋಯಿತು, ಸ್ವಲ್ಪ ಚಂಪಾಬಾಯಿಯೂ ಹೋದಳು. ಕೂಸಿಗೆ ಕುಸುಬಿಯೇ ಆಗಿ ಬಂತು. (ಮಾಣಿಕಪ್ಪ ಗೆದ್ದ. ಬೀಗತಿ ಅದನ್ನು ಇಂದಿಗೂ ಒಪ್ಪಿಲ್ಲ.) ಅಗಸಿ ಎಣ್ಣೆಯನ್ನು ಧೋತರದ ತುಂಡಿನಿಂದ ತೊಟ್ಟಿಲಿಗೇ ಬಳಿದರು. ಅದು ಒಣಗಿ ಹೊಸದರ ಹಾಗೆ ಹೊಳೆಯಿತು. ಕೂಸು ಅಜ್ಜನ ಎಣ್ಣೆಯೊಳಗೆ ಮಲಗಿತು, ಅಂಟಿಕೊಳ್ಳದೆ.

ಬಾಣಂತಿಯನ್ನು ಕರೆದುಕೊಂಡು ಹೋಗುವ ಮಾತು ಎತ್ತಲಿಲ್ಲ ಶಿವಗಂಗಾಬಾಯಿ. ಬದಲಿಗೆ ತನ್ನ ಗಂಟು ಬಿಚ್ಚಿದಳು.

"ಈ ಮನ್ಯಾಗ ಕೂಸಿಕಿಂತ ನಿಮಗೇ ನೋಡ್ಕೊಳ್ಳೋರು ಬೇಕು. ಹಿಮ್ಮಡಿ ಕೂಡೋ ತನಕ ನಾ ಇರ್ತೀನಿ. ಉದಗೀರದಾಗ ಹಿರಿ ಸೊಸಿ ಅದಾಳ. ಆಕಿಗೂ ನನ್ನ ಬಿಟ್ಟು ಜರಾ ಆರಾಮ ಸಿಗ್ಲಿ."

ಅಂದಿನಿಂದ ಚಂಪಾಬಾಯಿಗೆ ತನ್ನ ಮನೆಯಲ್ಲಿ ತನ್ನದೆಂಬ ಜಾಗ ಉಳಿಯಲಿಲ್ಲ. ಸಾರಿಗೆ ಉಪ್ಪು ಬೀಗತಿಯದು. ಹೊದೆಯುವ ಕೌದಿ ಬೀಗತಿಯದು, ಗೊರಕೆಯೂ ಬೀಗತಿಯದು. ಬೆಳಿಗ್ಗೆ ಕಾಲು ಚಾಚಿ ಕೂತು ಮೊದಲು ಕೂಸನ್ನು ತಿಕ್ಕುವಳು, ಆಮೇಲೆ "ಹೂಂ, ನೀವು ಬರ್ರಿ" ಎನ್ನುವಳು. ಕೂಸು ಅತ್ತು ಪಾರಾಗುತ್ತಿತ್ತು. ಚಂಪಾಬಾಯಿಗೆ ಆ ದಾರಿಯೂ ಇರಲಿಲ್ಲ. ಯಾವಾಗ ಹೋದಾಳೋ ಎಂದು ಗುಂಡಮ್ಮನ ಮುಂದೆ ಗೊಣಗುತ್ತಿದ್ದಳು.

ಔಡಲ ಎಣ್ಣೆ ಒಳ್ಳೆಯದು, ತನ್ನ ಕೆಲಸ ಮಾಡಿತು. ಶಿವರಾತ್ರಿಯ ಹೊತ್ತಿಗೆ ಹಿಮ್ಮಡಿ ಕೂಡುತ್ತ ಬಂತು. ಅದನ್ನು ಮೊದಲು ಕಂಡವಳು ಚಂಪಾಬಾಯಿ. ಕಂಡವಳೇ ಹಿತ್ತಲಿಗೆ ಹೋಗಿ, ಒಲೆಯ ಬೂದಿ ತಗೊಂಡು, ಕಲ್ಲಿನಿಂದ ಹಿಮ್ಮಡಿಯನ್ನು ಗಸಗಸ ಉಜ್ಜಿದಳು. ಎಷ್ಟು ಉಜ್ಜಿದರೂ ಅದು ಮತ್ತೆ ಒಡೆಯಲಿಲ್ಲ.

ಮರುದಿನ ಬೀಗತಿ ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ಅದು ಬೆಣ್ಣೆಯ ಹಾಗೆ ಜಾರಿತು. ಬೆರಳಿಗೆ ಬೂದಿ ಹತ್ತಿತು. ಶಿವಗಂಗಾಬಾಯಿ ಬೂದಿಯನ್ನು ನೋಡಿ, ಸೆರಗಿಗೆ ಒರೆಸಿಕೊಂಡಳು.

"ಇನ್ನಾ ಕೂಡಿಲ್ಲ" ಎಂದಳು. "ಯುಗಾದಿ ತನಕ ನೋಡಬೇಕು."

"ಹಾಂಗ ಅಂತೀರಾ?" ಎಂದಳು ಚಂಪಾಬಾಯಿ, ಇನ್ನೊಂದು ಕಾಲನ್ನೂ ಚಾಚಿದಳು.