ಕೊಟ್ಟೂರೇಶ್ ಮೇಷ್ಟ್ರ ಪುಕ್ಕಟೆ ಸೈಟು

ಹರಿಹರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಕೊಟ್ಟೂರೇಶ್ ಆ ಶನಿವಾರ ಮಾಡಿದ ತಪ್ಪು ಇಷ್ಟೇ: ಶಾಲೆಯ ಆಫೀಸಿಗೆ ಬಂದ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿದ್ದು.

“ಎರಡು ಸೈಟು ಸಿಕ್ಕಾವಾ? ಎರಡೂ ಪುಕ್ಕಟೇನಾ? ಬಾಡಿಗೇದು ಬ್ಯಾಡವ್ವ, ತಿಂಗ್ಳಾ ಡಾಲರ್ ಕಟ್ಟಾಕೆ ನಾನೇನು ಅಮೆರಿಕದಾಗೆ ಅದೀನಾ? ನನ್ನ ಹೆಸ್ರಿಗೇ ಆಗೈತೆ ಹೌದಿಲ್ಲೋ? ಹಂಗಾದ್ರೆ ಮಧ್ಯಾಹ್ನ ಬಂದು ನೋಡ್ತೀನಿ.”

ಆ ಕಡೆ ಮಾತಾಡುತ್ತಿದ್ದವಳು ಮಾಸೂಮಾ, ಮೇಷ್ಟ್ರ ಹಳೆಯ ಶಿಷ್ಯೆ. ದಾವಣಗೆರೆಯಲ್ಲಿ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡು ಮದುವೆ ಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಆ ವರ್ಷ, ಅಂದರೆ ತೊಂಬತ್ತೊಂಬತ್ತರಲ್ಲಿ, ಇಂಟರ್ನೆಟ್ಟನ್ನೂ ತರಿಸಿದ್ದಳು. ಅವಳು ಹೇಳಿದ ಸೈಟಿನಲ್ಲಿ ಮನೆ ಕಟ್ಟಲಾಗುವುದಿಲ್ಲ. ಚಿತ್ರಗಳನ್ನು ಇಡಬಹುದು, ಪ್ರಪಂಚದ ಯಾವ ಮೂಲೆಯಲ್ಲಿ ಕೂತವರೂ ನೋಡಬಹುದು.

ಮೇಷ್ಟ್ರ ಬಳಿ ಇಡಲು ಚಿತ್ರಗಳಿದ್ದವು. ಅವರು ಬರೆಯುತ್ತಿದ್ದ ವ್ಯಂಗ್ಯಚಿತ್ರ ಮಾಲೆಯ ನಾಯಕ ನುಂಗಪ್ಪ. ಸಿಕ್ಕಿದ್ದನ್ನೆಲ್ಲ ನುಂಗುವುದೇ ಅವನ ಕೆಲಸ: ಬೀದಿ ನಲ್ಲಿ, ರಸ್ತೆಯ ಡಾಂಬರು, ಶಾಲೆಯ ಬೆಂಚು. ವಾರಪತ್ರಿಕೆಯೊಂದು ಒಂದೇ ಒಂದು ಸಲ ಅದನ್ನು ಅಚ್ಚು ಹಾಕಿತ್ತು. ಆದರೆ ಸಂಪಾದಕರು ನುಂಗಪ್ಪನ ಬಾಯಿಂದ ಬೆಂಚನ್ನು ಕಿತ್ತು ಬದನೇಕಾಯಿ ಇಟ್ಟಿದ್ದರು. ಬೆಂಚಿನ ಕಂಟ್ರಾಕ್ಟರು ಪತ್ರಿಕೆಗೆ ಜಾಹೀರಾತು ಕೊಡುವವರಂತೆ. ಬದನೇಕಾಯಿ ತಿನ್ನುವವನನ್ನು ನೋಡಿ ಯಾರು ನಕ್ಕಾರು? ಯಾರೂ ನಗಲಿಲ್ಲ. ಅಂದಿನಿಂದ ಮೇಷ್ಟ್ರಿಗೆ ತನ್ನದೇ ಆದ ಒಂದು ಜಾಗ ಬೇಕಾಗಿತ್ತು.

ಇದೊಂದೂ ಗೊತ್ತಿಲ್ಲದ ಕನ್ನಡ ಪಂಡಿತ ಬಕ್ಕೇಶಪ್ಪನವರು ಪಕ್ಕದ ಮೇಜಿನಲ್ಲಿ ಹಾಜರಿ ಹಾಕುತ್ತಿದ್ದರು. ‘ಪುಕ್ಕಟೆ ಸೈಟು’ ಎಂದದ್ದೇ ಅವರ ಕಿವಿಗಳು ಬಿಸಿ ಎಣ್ಣೆಗೆ ಬಿದ್ದ ಹಪ್ಪಳದಂತೆ ಅರಳಿದವು. ಅದಕ್ಕೆ ಕಾರಣವಿತ್ತು. ದಾವಣಗೆರೆ, ಹರಿಹರದ ಮೇಷ್ಟ್ರುಗಳದ್ದೊಂದು ಗೃಹನಿರ್ಮಾಣ ಸಂಘ. ಕರೂರು ಕೈಗಾರಿಕಾ ಪ್ರದೇಶದ ಆಚೆ ಸಂಘ ಮಾಡಿದ್ದ ಬಡಾವಣೆಯಲ್ಲಿ ಒಂದೇ ಸೈಟು ಉಳಿದಿತ್ತು. ಸರದಿ ಕೊಟ್ಟೂರೇಶ್‌ದು, ಅವರ ಬೆನ್ನಿಗೇ ಬಕ್ಕೇಶಪ್ಪನವರದು. ಆದರೆ ಹೆಸರಿನಲ್ಲಿ ಮೊದಲೇ ಸೈಟು ಇದ್ದವರಿಗೆ ಸಂಘದ ಸೈಟಿಲ್ಲ. ಹಂಚಿಕೆಯ ಸಭೆ ಅದೇ ಸಂಜೆ. ಬಕ್ಕೇಶಪ್ಪನವರು ಹಾಜರಿಯನ್ನು ಅರ್ಧಕ್ಕೇ ಬಿಟ್ಟು ಎಸ್‌ಟಿಡಿ ಬೂತಿಗೆ ಹೋಗಿ ಸಂಘದ ಅಧ್ಯಕ್ಷರಿಗೆ ಫೋನು ತಿರುಗಿಸಿದರು.

ಅತ್ತ ಕೊಟ್ಟೂರೇಶ್ ಶಾಲೆ ಬಿಟ್ಟ ಕೂಡಲೇ ದಾವಣಗೆರೆ ಬಸ್ಸು ಹಿಡಿದು ಮಾಸೂಮಾಳ ಮುಂದೆ ಕೂತಿದ್ದರು.

“ಎರಡ್ರಾಗೂ ನುಂಗಪ್ಪನ್ನ ಹಾಕಿ ಇಟ್ಟೀನಿ ಸರ್. ನೋಡ್ರಿ, ಯಾವ್ದು ಬೇಕೋ ಹೇಳ್ರಿ.”

ಮೊದಲನೆಯದು ದೊಡ್ಡ ಕಂಪನಿಯದು. ಚಿತ್ರ ಥಟ್ಟನೆ ತೆರೆಯಿತು. ಆದರೆ ನುಂಗಪ್ಪನ ತಲೆಯ ಮೇಲೆಯೇ ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತು ಮಿಣಮಿಣ ಎನ್ನುತ್ತಿತ್ತು. ಎರಡನೆಯದು ಹೊರದೇಶದ ನಾಲ್ಕಾರು ಚಿತ್ರಗಾರರು ಸೇರಿ ನಡೆಸುತ್ತಿದ್ದದ್ದು. ಜಾಹೀರಾತಿಲ್ಲ, ಕೇಳುವವರಿಲ್ಲ, ಬಿಳಿ ಗೋಡೆಯಂಥ ಜಾಗ. ಆದರೆ ಚಿತ್ರ ಮಾತ್ರ ಆಳದ ಬಾವಿಗೆ ಬಿಟ್ಟ ಬಿಂದಿಗೆಯಂತೆ ಇಷ್ಟಿಷ್ಟೇ ಕೆಳಗಿಳಿಯುತ್ತಿತ್ತು.

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಇಂದು ತಲೆಯ ಮೇಲೆ ಮಾತ್ರೆ ಕೂರಿಸಿದವರು ನಾಳೆ ಬಾಯಲ್ಲಿ ಬದನೇಕಾಯಿ ಇಡುವುದಿಲ್ಲವೆಂದು ಏನು ಗ್ಯಾರಂಟಿ? ನಿಧಾನವಾದರೆ ಆಗಲಿ. ನೋಡಬೇಕೆನ್ನುವವರು ಕಾಯುತ್ತಾರೆ.

“ಈ ನಿಧಾನದ್ದೇ ಇರ್ಲಿ ಮಾಸೂಮಾ. ಇಲ್ಲಿ ನಮ್ಮ ಗೆರೆ ನಮ್ದು.”

ಹಗುರಾದ ಮನಸ್ಸಿನಿಂದ ಎಸ್.ಎಸ್. ಬಡಾವಣೆಯ ಬಾಡಿಗೆ ಮನೆಗೆ ಬಂದರೆ ಗೇಟಿನಲ್ಲಿ ಮನೆ ಒಡತಿ ಕಮಲಕ್ಕ ನಿಂತಿದ್ದರು. ಸುದ್ದಿ ಬಸ್ಸಿಗಿಂತ ಮುಂಚೆ ಬಂದಿತ್ತು.

“ಭಾಳ ಸಂತೋಷ ಆತು ಮೇಷ್ಟ್ರೆ. ಎರಡೆರಡು ಸೈಟಂತಲ್ರಿ! ಮನೆ ಯಾವಾಗ ಖಾಲಿ ಮಾಡ್ತೀರಿ?”

“ಯಾವ ಸೈಟು ಕಮಲಕ್ಕ? ಅದು ಕಂಪ್ಯೂಟರ್‌ನಾಗಿನ ಸೈಟು.”

“ಕಂಪ್ಯೂಟರ್‌ನಾಗೆ ಲಾಟರಿ ಎತ್ತಿ ಕೊಟ್ರಾ? ಒಳ್ಳೇದಾತು ಬಿಡ್ರಿ, ಅದ್ರಾಗೆ ಮೋಸ ಇರಂಗಿಲ್ಲ.”

ಒಳಗೆ ಹೆಂಡತಿ ಸರ್ವಮಂಗಳ ತಟ್ಟೆಯನ್ನು ನೆಲಕ್ಕೆ ಇಟ್ಟ ಸದ್ದಿನಲ್ಲೇ ಅವಳ ಮನಸ್ಸು ತಿಳಿಯುತ್ತಿತ್ತು.

“ಊರಿಗೆಲ್ಲ ಗೊತ್ತೈತೆ, ನನಗೊಬ್ಬಳಿಗೇ ಇಲ್ಲ. ಒಂದು ನಿಮ್ಮ ಹೆಸ್ರಿಗಂತೆ. ಇನ್ನೊಂದು ಯಾರ ಹೆಸ್ರಿಗೆ? ನಿಮ್ಮ ತಂಗಿ ಹೆಸ್ರಿಗೋ?”

“ಅಯ್ಯೋ ಮಾರಾಯ್ತಿ, ಅದ್ರಾಗೆ ಮಣ್ಣೇ ಇಲ್ಲ!”

“ಕಲ್ಲಿದ್ರೆ ಪಾಯಕ್ಕೆ ಚಲೋ ಅಲ್ಲೇನು?”

ಮೇಷ್ಟ್ರು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹನ್ನೊಂದು ವರ್ಷದಿಂದ ಸರ್ವಮಂಗಳ ಆ ಸಂಘದ ಸೈಟನ್ನೇ ನೆನೆಯುತ್ತ ಬಂದಿದ್ದಳು. ಅಡಿಗೆಮನೆಯ ಕಿಟಕಿ ಯಾವ ದಿಕ್ಕಿಗೆ ಎಂಬುದೂ ತೀರ್ಮಾನವಾಗಿತ್ತು. ಮೇಷ್ಟ್ರು ಸಂಘದ ಆಫೀಸಿಗೆ ಓಡಿದರು.

ಸಂಘದ ಅಧ್ಯಕ್ಷ ಪರಮೇಶ್ವರಪ್ಪನವರು ನಿವೃತ್ತ ಹೆಡ್ಮಾಸ್ತರರು. ಕಪ್ಪು ಟೋಪಿ, ಚಿನ್ನದ ಕಟ್ಟಿನ ಕನ್ನಡಕ, ಪೊರಕೆಯಂಥ ಮೀಸೆ, ಅವರಿಗಿಂತ ಮುಂಚೆ ಕೋಣೆಯೊಳಗೆ ಬರುವ ಹೊಟ್ಟೆ. ಹೆಂಡತಿ, ಅತ್ತೆ, ಇಬ್ಬರು ಅಳಿಯಂದಿರ ಹೆಸರಿನಲ್ಲಿ ಬಡಾವಣೆಯ ಮೂಲೆ ಸೈಟುಗಳೆಲ್ಲ ಅವರ ಮನೆಗೇ ಹೋಗಿವೆ ಎಂದು ಮೇಷ್ಟ್ರುಗಳು ಪಿಸುಗುಟ್ಟುತ್ತಿದ್ದರು. ಬಕ್ಕೇಶಪ್ಪನವರು ಅವರ ಪಕ್ಕದಲ್ಲಿ ಬೀಗರಂತೆ ಕೂತಿದ್ದರು.

“ನಿಮ್ಮ ಹೆಸ್ರು ತೆಗೆದೀವಿ ಕೊಟ್ಟೂರೇಶ್. ರೂಲ್ಸು ನಿಮಗೂ ಗೊತ್ತೈತೆ.”

“ಸರ್, ಅದು ಭೂಮಿ ಅಲ್ರಿ, ಚಿತ್ರ ಇಡೋ ಜಾಗ. ಬರ್ರಿ, ಈಗಿಂದೀಗ್ಲೇ ತೋರಿಸ್ತೀನಿ.”

ಸೈಟು ಹೋದೀತೆಂಬ ಗಾಬರಿಯಲ್ಲಿ ಮೇಷ್ಟ್ರಿಗೆ ಸೈಟಿನಲ್ಲಿ ಏನಿದೆ ಎಂಬುದೇ ಮರೆತುಹೋಗಿತ್ತು. ಇಬ್ಬರನ್ನೂ ಕರೆದುಕೊಂಡು ಮಹಡಿ ಹತ್ತಿದರು. ಮಾಸೂಮಾ ತೆರೆದ ನಿಧಾನದ ಸೈಟಿನಲ್ಲಿ ಕಪ್ಪು ಟೋಪಿಯ ತುದಿ ಕಾಣಿಸಿದಾಗಲೇ ಅವರಿಗೆ ನೆನಪಾದದ್ದು. ಅಧ್ಯಕ್ಷರ ಟೋಪಿಯನ್ನೇ ನೋಡಿಕೊಂಡು ಬರೆದ ಟೋಪಿ ಅದು. ಇಂಟರ್ನೆಟ್ಟನ್ನು ಅಮೆರಿಕದವರು ನೋಡುತ್ತಾರೆ, ಅವರಿಗೇನು ಗೊತ್ತಾದೀತು ಎಂಬ ಧೈರ್ಯದಲ್ಲಿ ಬರೆದದ್ದು. ಟೋಪಿ ಮುಗಿಯಿತು. ಹಣೆ ಬಂತು. ಚಿನ್ನದ ಕನ್ನಡಕ ಬಂತು. ಇನ್ನು ಬರಬೇಕಾದದ್ದು ಮೀಸೆ, ಮೀಸೆಯ ಕೆಳಗೆ ಅಗಲವಾಗಿ ತೆರೆದ ಬಾಯಿ, ಬಾಯೊಳಗೆ ಸಾಲಾಗಿ ಸೈಟುಗಳು, ಕಲ್ಲು ನೆಟ್ಟು ನಂಬರು ಹಾಕಿದಂಥವು. ಮೀಸೆ ಮೂಡುತ್ತಿದ್ದಂತೆ ಮೇಷ್ಟ್ರು ಕಣ್ಣು ಮುಚ್ಚಿದರು.

“ಲೈನು ಕಟ್ಟಾತು ಸರ್,” ಎಂದಳು ಮಾಸೂಮಾ.

ಕಣ್ಣು ಬಿಟ್ಟರೆ ಚಿತ್ರ ಮೀಸೆಗೇ ನಿಂತಿತ್ತು. ಪರಮೇಶ್ವರಪ್ಪನವರು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

“ಅಲಲಲ! ಇದು ನಾನಲ್ಲೇನ್ರಿ? ನನ್ ಚಿತ್ರಾನ ಪ್ರಪಂಚಕ್ಕೆಲ್ಲ ತೋರಿಸಾಕತ್ತೀರಿ, ಬಾಯಿಬಿಟ್ಟು ಒಂದು ಮಾತು ಹೇಳಿಲ್ಲ!” ಅವರ ಕನ್ನಡಕ ಮಂಜಾಗಿತ್ತು. “ಬಕ್ಕೇಶಪ್ಪ, ಇವ್ರ ಹೆಸ್ರು ಮತ್ತೆ ಸೇರಿಸ್ರಿ. ಮೇಷ್ಟ್ರೆ, ಲೈನು ಸರಿ ಮಾಡಿಸ್ರಿ. ಕಮಿಟಿಯೋರನ್ನೆಲ್ಲ ಕರ್ಕೊಂಡು ಬರ್ತೀನಿ, ಎಲ್ಲರೂ ಪೂರ್ತಿ ನೋಡ್ಲಿ.”

ಅವರು ಮೆಟ್ಟಿಲಿಳಿದದ್ದೇ ಮೇಷ್ಟ್ರು ಕಾಗದ ಎಳೆದುಕೊಂಡರು. ಟೋಪಿ, ಕನ್ನಡಕ, ಮೀಸೆ ಹಾಗೇ ಇದ್ದವು. ಬಾಯಿ ಮುಚ್ಚಿತು. ಹೊಟ್ಟೆ ಒಳಗೆ ಹೋಯಿತು. ಕೈಯಲ್ಲಿ ಹಕ್ಕುಪತ್ರಗಳು ಬಂದವು, ಮುಂದೆ ಕೈಮುಗಿದ ಮೇಷ್ಟ್ರುಗಳ ಸಾಲು, ಹಿಂದೆ ಹುಟ್ಟುವ ಸೂರ್ಯ. ಬರೆಯುತ್ತ ಬರೆಯುತ್ತ ಅವರಿಗೆ ತನ್ನ ಕೈ ಬೇರೆ ಯಾರದೋ ಕೈಯಂತೆ ಕಂಡಿತು. ಆ ವಾರಪತ್ರಿಕೆಯ ಸಂಪಾದಕರ ಮುಖ ನೆನಪಾಯಿತು. ಪಾಪ, ಅವರೂ ಯಾವುದೋ ಸಂಜೆ ಹೀಗೇ ಅವಸರದಲ್ಲಿ ಬದನೇಕಾಯಿ ಬರೆಸಿರಬೇಕು.

ಮಾಸೂಮಾ ಚಿತ್ರವನ್ನು ನೋಡಿದಳು. “ಸರ್, ಇದು ನುಂಗಪ್ಪ ಅಲ್ಲ.”

“ಗೊತ್ತೈತೆ. ಹಳೇದು ತೆಗೆದು ಇದನ್ನ ಹಾಕವ್ವ.”

ಅವಳು ಸ್ಕ್ಯಾನ್ ಮಾಡಿದಳು. ಲೈನು ಬಂತು, ಚಿತ್ರ ಏರಿತು. ನಿಧಾನದ ಸೈಟಿನಲ್ಲಿ ಸೂರ್ಯ ಹುಟ್ಟಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮೇಷ್ಟ್ರು ಬೆವರು ಒರೆಸಿಕೊಂಡರು. ಬರುವವರಿಗೆ ಬಾಯಿಗೆ ಏನಾದರೂ ಬೇಕಲ್ಲ ಎಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಲು ಕೆಳಗಿಳಿದರು. ಬಜ್ಜಿಯವನ ಬಾಣಲೆಯ ಮುಂದೆ ಜನ ಮುತ್ತಿದ್ದರು, ಸ್ವಲ್ಪ ತಡವಾಯಿತು.

ಪೊಟ್ಟಣ ಹಿಡಿದು ಮೆಟ್ಟಿಲು ಹತ್ತುವಾಗ ಮೇಲಿನಿಂದ ನಗು ಕೇಳಿಸಿತು. ಒಬ್ಬರದಲ್ಲ, ಐದಾರು ಜನರದು. ಹೊಟ್ಟೆ ಹಿಡಿದುಕೊಂಡು, ಮೇಜು ಗುದ್ದಿ ನಗುವ ನಗು. ಮೇಷ್ಟ್ರಿಗೆ ಖುಷಿಯಾಯಿತು. ಇನ್ನೆರಡು ಮೆಟ್ಟಿಲು ಹತ್ತಿದ ಮೇಲೆ, ಹುಟ್ಟುವ ಸೂರ್ಯನನ್ನು ನೋಡಿ ಇವರು ಯಾಕೆ ನಗಬೇಕು ಎಂದು ಹೊಳೆಯಿತು.

ಬಾಗಿಲಲ್ಲಿ ಮಾಸೂಮಾ ಸಂಭ್ರಮದಿಂದ ಎದುರಾದಳು. “ದೊಡ್ಡೋರು ಬಂದಾರೆ, ಆ ನಿಧಾನದ್ರಾಗೆ ಕಾಯಿಸೋದು ಚಂದಲ್ಲ ಅಂತ ಬೇಗ ತೆರೆಯೋ ಸೈಟ್ನಾಗೆ ತೋರಿಸಿದೆ ಸರ್. ಒಂದೇ ಏಟಿಗೆ ಪೂರ್ತಿ ಬಂತು!”

ಅಲ್ಲಿಯ ನುಂಗಪ್ಪನನ್ನು ಯಾರೂ ಬದಲಾಯಿಸಿರಲಿಲ್ಲ. ಬಾಯಿ ತೆರೆದು, ಸೈಟುಗಳ ಸಾಲು ಹೊಟ್ಟೆಗಿಳಿಸುತ್ತ ಕೂತಿದ್ದ. ಬಕ್ಕೇಶಪ್ಪನವರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಕಮಿಟಿಯ ಹಿರಿಯರೊಬ್ಬರು “ಮೂಲೆ ಸೈಟು ನೋಡ್ರೋ, ಮೂಲೆ ಸೈಟು!” ಎಂದು ಕುರ್ಚಿಯಿಂದ ಜಾರುವುದರಲ್ಲಿದ್ದರು. ನಗದಿದ್ದವರು ಒಬ್ಬರೇ. ಪರಮೇಶ್ವರಪ್ಪನವರು ಮೆಲ್ಲಗೆ ಎದ್ದು ಟೋಪಿ ಸರಿಮಾಡಿಕೊಂಡರು.

“ಕಣ್ಣಾರೆ ನೋಡಿದ್ವಿ ಕೊಟ್ಟೂರೇಶ್. ನಿಮ್ಮ ಹೆಸ್ರಿಗೆ ಸೈಟಿರೋದು ಖಾತ್ರಿ ಆತು.”

ಅವರು ಇಳಿದುಹೋದರು. ಉಳಿದವರೂ ನಗು ನುಂಗಿಕೊಂಡು ಹಿಂಬಾಲಿಸಿದರು. ಬೀದಿ ಮುಟ್ಟಿದ ಮೇಲೆ ಆ ನಗು ಮತ್ತೆ ಸಿಡಿದದ್ದು ಕಿಟಕಿಯಿಂದ ಕೇಳಿಸಿತು.

ಮೇಷ್ಟ್ರು ಖಾಲಿಯಾದ ಕುರ್ಚಿಯಲ್ಲಿ ಕೂತರು. ಸರ್ವಮಂಗಳಳಿಗೆ ಯಾವ ಬಾಯಲ್ಲಿ ಹೇಳುವುದು? ಆದರೂ ಕಿವಿ ಅವರ ಮಾತು ಕೇಳದೆ ಆ ನಗುವಿನ ಹಿಂದೆಯೇ ಬೀದಿಯ ತಿರುವಿನವರೆಗೆ ಹೋಯಿತು. ಇಷ್ಟು ವರ್ಷದಲ್ಲಿ ತಾನು ಬರೆದ ಚಿತ್ರಕ್ಕೆ ಯಾರಾದರೂ ನಕ್ಕದ್ದನ್ನು ಅವರು ಕೇಳಿದ್ದು ಇದೇ ಮೊದಲು.

ಏನು ತಪ್ಪಾಯಿತೆಂದು ಆಗ ತಿಳಿದ ಮಾಸೂಮಾ ಅಳುವಂತಾಗಿದ್ದಳು. “ಸರ್, ತಪ್ಪಾತು. ಅದನ್ನ ಅಳಿಸಿಬಿಡ್ಲಾ?”

“ಅದು ಬ್ಯಾಡ. ಸೂರ್ಯ ಹುಟ್ಟೋದನ್ನ ಅಳಿಸು,” ಎಂದ ಮೇಷ್ಟ್ರು ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟರು. “ತಗಾ, ಕಮಿಟಿಗೆ ತಂದಿದ್ದು. ಆರಿ ಹೋಗೋದ್ರಾಗೆ ತಿನ್ನು.”