ದೊರೆ ಬೇಡವೆಂದ ಕಿವಿಚಿಪ್ಪು

ಎರಡರಲ್ಲಿ ಒಂದನ್ನು ಆರಿಸು ಎಂದರೆ ಗಂಡಸರಿಗೆ ಜ್ವರ ಬರುತ್ತದೆ. ಹೆಂಗಸರಿಗೆ ಆ ಕಷ್ಟವಿಲ್ಲ. ನಮ್ಮ ಮುಂದೆ ಯಾರೂ ಎರಡು ತಂದಿಡುವುದಿಲ್ಲ. ನನಗೆ ಗಂಡು ತೋರಿಸಿದಾಗ ಒಬ್ಬನನ್ನೇ ತೋರಿಸಿದರು, ಅದೂ ಅವನ ಬೆನ್ನನ್ನು. ಚಿನ್ನದ ಗಣಿಯಿಂದ ರಜಕ್ಕೆ ಬಂದವನು ಬೂದಿಕೋಟೆಯಲ್ಲಿ ಯಾರದೋ ಎತ್ತಿನ ಹಲ್ಲು ನೋಡುತ್ತ ಬಗ್ಗಿದ್ದ. "ಅಗೋ, ಆ ನೀಲಿ ಅಂಗಿ" ಎಂದಳು ನಮ್ಮ ಸೋದರತ್ತೆ. ಆಗಲಿ ಎಂದೆ. ಬೆನ್ನಿನ ಬಗ್ಗೆ ನನಗೆ ಇವತ್ತಿಗೂ ದೂರಿಲ್ಲ. ಮಿಕ್ಕದ್ದರ ವಿಷಯ ಬೇರೆ.

ಹೀಗೆ ಬಾಳಿದವಳಿಗೆ, ನಮ್ಮ ದೊರೆ ಎರಡು ಕಿವಿಚಿಪ್ಪುಗಳ ನಡುವೆ ಕೂತು ಒಂದು ತಿಂಗಳು ಒದ್ದಾಡಿದ್ದನ್ನು ಕಂಡು ಮೊದಲು ನಗು ಬಂತು. ಆಮೇಲೆ ಆಸೆ ಬಂತು. ನಗು ಬಂದಲ್ಲಿಗೇ ನಿಲ್ಲಿಸಬೇಕಿತ್ತು.

ದೊರೆ ಎಂದರೆ ಬಿಳಿಯ ದೊರೆಯಲ್ಲ. ಬಿಳಿಯರು ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಹೋಗುತ್ತಿದ್ದ ಕಾಲ ಅದು. ಗಣಿಯ ಊರಾದ ಊರಿಗಾಂನ ಬಂಗಲೆಗಳಿಗೆ ನಮ್ಮವರು ಬಂದರು. ಬಂಗಲೆಯ ಜೊತೆಗೆ ಕುರ್ಚಿ, ಮೇಜು, ದೊರೆ ಎನ್ನುವ ಹೆಸರು ಎಲ್ಲವೂ ಅವರಿಗೇ ಉಳಿಯಿತು. ನಮ್ಮ ದೊರೆ ಮೈಸೂರಿನ ಕಡೆಯವರು, ಯಂತ್ರಗಳ ಇಂಜಿನಿಯರು, ಕನ್ನಡಕದವರು, ಮೆತ್ತನೆಯ ಮಾತಿನವರು. ಅವರ ಮನೆಯಲ್ಲಿ ನಾನು ಅಡುಗೆಗೂ ಮೇಲುಕೆಲಸಕ್ಕೂ ಇದ್ದೆ. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಕುದುರೆಯ ಹುಚ್ಚು, ಇವರಿಗೆ ವಿಮಾನದ ಹುಚ್ಚು. ಬೆಂಗಳೂರಿಗೆ ಹೋಗಿ ಹೋಗಿ ಹಾರಿಸುವುದನ್ನು ಕಲಿತು, ಲೈಸೆನ್ಸು ತಂದು, ಅಲ್ಲಿನ ಸ್ನೇಹಿತರೊಬ್ಬರ ಜೊತೆ ಸೇರಿ ಇಬ್ಬರು ಕೂರುವಂಥ ಹಳೆಯ ವಿಮಾನ ಒಂದನ್ನು ಕೊಂಡಿದ್ದರು. ತಿಂಗಳಿಗೊಂದು ಸಲ ಅದು ನಮ್ಮ ಊರಾಚೆಯ ಬಯಲಿಗೆ ಬಂದು ಇಳಿಯುತ್ತಿತ್ತು. ಬಟ್ಟೆ ಒಣಗಿಸುತ್ತ ನಾನು ತಲೆ ಎತ್ತಿ ನೋಡುತ್ತಿದ್ದೆ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದ ಸಯನೈಡ್ ದಿಬ್ಬಗಳ ಮೇಲೆ ಅದರ ನೆರಳು ಹತ್ತಿ ಇಳಿಯುತ್ತಿತ್ತು, ಬೂದಿಯ ಮೇಲೆ ಬೆಕ್ಕು ನಡೆದ ಹಾಗೆ, ಒಂದು ಕಣ ಕದಲದ ಹಾಗೆ. ನೋಡುತ್ತ ನಿಂತರೆ ಕೈಯಲ್ಲಿದ್ದ ಒದ್ದೆ ಸೀರೆ ಅಲ್ಲೇ ಅರ್ಧ ಒಣಗಿರುತ್ತಿತ್ತು.

ಒಳಗೆ ಕೂತವರಿಗೆ ಮಾತ್ರ ಅದು ಬೆಕ್ಕಲ್ಲವಂತೆ. ಇಂಜಿನ್ನಿನ ಅಬ್ಬರಕ್ಕೆ ತಲೆ ಒಡೆಯುತ್ತದೆ, ಅದರ ನಡುವೆ ಕೆಳಗಿನಿಂದ ರೇಡಿಯೋದಲ್ಲಿ ಹೇಳುವ ಮಾತು ಕೇಳಿಸಬೇಕು, ಅದಕ್ಕೆ ಕಿವಿಗೆ ಹಾಕಿಕೊಳ್ಳುವ ಸಾಮಾನು ಬೇಕು. ದೊರೆಯ ಹಳೆಯ ಸಾಮಾನು ಕೆಟ್ಟಿತ್ತು. ದೊರೆಯ ಹೆಂಡತಿ ಅಮ್ಮಾವ್ರ ತಮ್ಮ ಹೊರದೇಶದಿಂದ ಹಡಗಿನಲ್ಲಿ ಬಂದಿಳಿದು ಮದರಾಸಿನಿಂದ ಎರಡು ಕಳಿಸಿದರು. ಎರಡು ನಮೂನೆ. "ಒಪ್ಪುವುದನ್ನು ಇಟ್ಟುಕೊಳ್ಳಿ ಭಾವ, ಬೇಡವಾದದ್ದನ್ನು ಯಾರಿಗಾದರೂ ಕೊಡಿ" ಎಂದು ಕಾಗದ. ಬಂಗಾರಪೇಟೆ ಸ್ಟೇಷನ್ನಿನಿಂದ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ತಂದವಳು ನಾನೇ.

ಒಂದು ತೆಳುವಾದದ್ದು. ಉಕ್ಕಿನ ಪಟ್ಟಿಯ ಎರಡು ತುದಿಗೆ ಎರಡು ಕರಿ ಬಿಸ್ಕತ್ತು ಅಂಟಿಸಿದ ಹಾಗೆ. ಇನ್ನೊಂದು ದಪ್ಪ. ಎರಡು ಕಡೆಗೂ ಅರ್ಧರ್ಧ ತೆಂಗಿನ ಚಿಪ್ಪು, ಚಿಪ್ಪಿನ ಅಂಚಿಗೆ ಮಗುವಿನ ತೊಡೆಯಷ್ಟು ಮೆತ್ತನೆಯ ದಿಂಬು. ಅದನ್ನು ನೋಡಿಯೇ ನಾನು ಕಿವಿಚಿಪ್ಪು ಎಂದದ್ದು. ದೊರೆ ಹೇಳುತ್ತಿದ್ದ ಇಂಗ್ಲಿಷ್ ಹೆಸರು ಎರಡು ದಿನ ಇತ್ತು, ಮೂರನೆಯ ದಿನದಿಂದ ಅವರೂ ಕಿವಿಚಿಪ್ಪು ಎನ್ನತೊಡಗಿದರು.

ಆಮೇಲೆ ಶುರುವಾಯಿತು ಪರೀಕ್ಷೆ. ದಪ್ಪದ್ದು ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಭಾರ, ತಲೆ ಹಿಂಡುತ್ತದೆ, ಕನ್ನಡಕದ ಕಡ್ಡಿ ಒತ್ತುತ್ತದೆ. ತೆಳುವಾದದ್ದು ಹಗುರ, ಆದರೆ ಸದ್ದೆಲ್ಲ ಒಳಗೆ. ಎರಡು ಗಂಟೆ ಹಾಕಿಕೊಂಡರೆ ತಲೆ ನೋಯುತ್ತದೆಯೋ ಇಲ್ಲವೋ ನೋಡಬೇಕೆಂದು ದೊರೆ ಮನೆಯಲ್ಲೇ ಹಾಕಿಕೊಂಡು ಓಡಾಡುತ್ತಿದ್ದರು. ಅದರ ವೈರಿನ ಬಾಲವನ್ನು ಜೇಬಿಗೆ ತುರುಕಿಕೊಂಡು ಪೇಪರು ಓದುತ್ತಿದ್ದರು, ಗಿಡಕ್ಕೆ ನೀರು ಹಾಕುತ್ತಿದ್ದರು, ಊಟಕ್ಕೂ ಹಾಗೆಯೇ ಕೂರುತ್ತಿದ್ದರು. "ಮುನೆಮ್ಮಾ, ಇದನ್ನ ಹಾಕ್ಕೊಂಡು ಹಪ್ಪಳ ತಿಂದ್ರೆ ತಲೆಯೊಳಗೆ ಗುಡುಗು!" ಎಂದು ನನಗೆ ಕೂಗಿ ಹೇಳಿದರು. ಅಮ್ಮಾವ್ರು ಹಣೆ ಚಚ್ಚಿಕೊಂಡು, "ಮದುವೆಗೆ ಹೆಣ್ಣು ನೋಡೋಕೆ ಬಂದಾಗ ಈ ಮನುಷ್ಯ ಇಷ್ಟು ಪರೀಕ್ಷೆ ಮಾಡ್ಲಿಲ್ಲ" ಎಂದರು. ದೊರೆ ದಪ್ಪದ್ದು ಹಾಕಿಕೊಂಡಿದ್ದರು, ಕೇಳಿಸಲಿಲ್ಲ.

ಒಂದು ಬೆಳಿಗ್ಗೆ ಧೂಳು ಒರೆಸಲು ದಪ್ಪದ್ದನ್ನು ಕೈಗೆ ತೆಗೆದುಕೊಂಡೆ. ಒಲೆಯ ಮೇಲೆ ಹಾಲಿತ್ತು. ಯಾರೂ ನೋಡುತ್ತಿರಲಿಲ್ಲ. ಹಾಕಿಕೊಂಡೆ.

ಊರಿಗಾಂನಲ್ಲಿ ಮಿಲ್ಲು ನಿಲ್ಲುವುದಿಲ್ಲ. ಗಣಿಯಿಂದ ತಂದ ಕಲ್ಲನ್ನು ಅರೆಯುವ ಆ ಸದ್ದು ಗೋಡೆಯಲ್ಲಿ, ಮಂಚದಲ್ಲಿ, ಹಲ್ಲಿನಲ್ಲಿ ಇರುತ್ತದೆ. ಮದುವೆಯಾಗಿ ಬಂದ ಮೊದಲ ವಾರ ಅದರಿಂದ ನಿದ್ದೆ ಬರಲಿಲ್ಲ, ಎರಡನೆಯ ವಾರದಿಂದ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಆ ಸದ್ದು ನಿಂತುಹೋಯಿತು. ನಿಂತದ್ದಲ್ಲ, ಯಾರೋ ಅದನ್ನು ಎತ್ತಿಕೊಂಡು ದೂರಕ್ಕೆ ನಡೆದ ಹಾಗೆ ಸಣ್ಣಗಾಯಿತು. ಉಳಿದದ್ದು ನನ್ನ ಉಸಿರು. ಚಿಕ್ಕಂದಿನಲ್ಲಿ ನಮ್ಮೂರ ಕೆರೆಯಲ್ಲಿ ಮುಳುಗಿ ಕೂತರೆ ಹೀಗೇ ಇರುತ್ತಿತ್ತು: ಮೇಲೆ ಬಿಸಿಲು ಅಲುಗುತ್ತಿರುತ್ತದೆ, ದಡದಲ್ಲಿ ಅವ್ವ ಬಾಯಿ ಆಡಿಸುತ್ತಿರುತ್ತಾಳೆ, ಬೈಗುಳ ಮಾತ್ರ ನೀರಿನೊಳಕ್ಕೆ ಬರುವುದಿಲ್ಲ. ಹಾಲು ಪಾತ್ರೆಯ ಅಂಚಿಗೆ ಏರಿತು. ಮೋಡ ಎದ್ದ ಹಾಗೆ ಎದ್ದಿತು, ಒಂದು ಚೂರೂ ಸದ್ದಿಲ್ಲದೆ ಬಾಗಿತು, ಬೆಂಕಿಯ ಮೇಲೆ ಮೆಲ್ಲಗೆ ಇಳಿಯಿತು. ಎಷ್ಟು ಚೆಂದ ಎಂದುಕೊಂಡೆ. ಅಮ್ಮಾವ್ರು ಬಂದು ಭುಜ ಹಿಡಿದು ಅಲ್ಲಾಡಿಸುವವರೆಗೆ ಹಾಗೇ ನಿಂತಿದ್ದೆ.

"ನಿನಗೂ ಹಿಡೀತಾ ಈ ಹುಚ್ಚು?" ಎಂದರು.

ಹಿಡಿದದ್ದು ನಿಜ. ಆದರೆ ನನ್ನ ತಲೆಯಲ್ಲಿ ಬಂದದ್ದು ನನ್ನ ಗಂಡನ ಕಿವಿ. ಅವನು ಮೈಸೂರು ಮೈನ್ಸ್‌ನಲ್ಲಿ ಬಂಡೆಗೆ ತೂತು ಹೊಡೆಯುವ ಮೆಷಿನ್ನು ಹಿಡಿಯುತ್ತಿದ್ದ. ನೆಲದ ಕೆಳಗೆ, ನಾಲ್ಕು ಕಡೆ ಬಂಡೆಯ ನಡುವೆ, ಆ ಮೆಷಿನ್ನಿನ ಸದ್ದು ಹೊರಗೆ ಹೋಗಲು ದಾರಿಯಿಲ್ಲದೆ ಕಿವಿಗೇ ಹೋಗುತ್ತದೆ. ಮೇಲೆ ಬಂದ ಮೇಲೂ ಮಲಗುವವರೆಗೆ ಕಿವಿ ಗುಂಯ್ ಎನ್ನುತ್ತದೆ ಎನ್ನುತ್ತಿದ್ದ. ನಾನು ಹೇಳಿದ್ದನ್ನು ಎರಡೆರಡು ಸಲ ಹೇಳಿಸುತ್ತಿದ್ದ. ಎರಡು ಸಲ ಪರವಾಗಿಲ್ಲ. ಮೂರನೆಯ ಸಲ ಹೇಳುವಾಗ ಆ ಮಾತು ನನಗೇ ಬೇಡವಾಗುತ್ತದೆ. ಗಣಿ ಕೂಲಿಗಳ ಮನೆಸಾಲಾದ ನಮ್ಮ ಲೈನಿನಲ್ಲಿ ಹಳೆಯ ಮೆಷಿನ್ನಿನವರು ನಾಲ್ಕಾರು ಜನ ಪೂರ್ತಿ ಕಿವುಡರು. ಸಾರು ಬೇಕೇ ಎಂದು ಅವರ ಹೆಂಡಿರು ಕೈಸನ್ನೆ ಮಾಡಿ ಕೇಳುವುದನ್ನು ನೋಡಿದ್ದೆ. ಅವನಿಗೆ ಹಾಗಾಗಬಾರದು, ಈ ದಪ್ಪ ಚಿಪ್ಪು ಅವನ ತಲೆ ಸೇರಬೇಕು ಎಂದು ಗಟ್ಟಿ ಮಾಡಿಕೊಂಡೆ.

ಅವತ್ತು ಸಂಜೆಯೇ ದೊರೆಯನ್ನು ಕೇಳಿದೆ: "ನಿಮಗೆ ಬ್ಯಾಡ ಅಂದಿದ್ದನ್ನ ನನಗೆ ಕೊಡ್ತೀರಾ ದೊರೆ? ನಮ್ಮನೆಯೋರ ಕಿವಿಗೆ."

"ಬೇಡ ಅಂತ ಆದ್ರೆ ನಿನಗೇ ಮುನೆಮ್ಮ. ಆದ್ರೆ ಯಾವುದು ಬೇಡ ಅನ್ನೋದೇ ಗೊತ್ತಾಗ್ತಿಲ್ವಲ್ಲ" ಎಂದರು.

ಗೊತ್ತು ಮಾಡಿಸಲು ನಾನು ಟೊಂಕ ಕಟ್ಟಿದೆ. ದಿನಕ್ಕೊಂದು ಸುಳ್ಳು. ದಪ್ಪದ್ದು ಹಾಕಿಕೊಂಡರೆ ನಿಮ್ಮ ಮುಖ ಸಣ್ಣದಾಗಿ ಕಾಣುತ್ತದೆ ಎಂದೆ. ನೆತ್ತಿಯ ಕೂದಲು ಉದುರುತ್ತಿದೆ, ದಿಂಬಿನ ಮೇಲೆ ಸಿಕ್ಕಿತು ಎಂದೆ. ಆ ಕೂದಲು ಅವರ ನಾಯಿಯದು. ತೆಳುವಾದದ್ದು ಹಾಕಿಕೊಂಡರೆ ಒಳ್ಳೆ ಪೋಲೀಸ್ ಆಫೀಸರ್ ಹಾಗೆ ಕಾಣುತ್ತೀರಿ ಎಂದೆ. ಕೊನೆಗೆ ಅತಿ ಬುದ್ಧಿ ಉಪಯೋಗಿಸಿ, "ದಪ್ಪದ್ದು ಆಕ್ಕಂಡ್ರೆ ಅಮ್ಮಾವ್ರು ಕರೆದ್ರೂ ನಿಮಗೆ ಕೇಳಾಕಿಲ್ಲ ದೊರೆ" ಎಂದೆ. ದೊರೆಯ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. ಅವತ್ತಿನಿಂದ ಮೂರು ದಿನ ದಪ್ಪದ್ದನ್ನು ತಲೆಯಿಂದ ತೆಗೆಯಲೇ ಇಲ್ಲ. ನಾಲ್ಕನೆಯ ದಿನ, "ಇದೇ ಇರಲಿ ಅನ್ಸುತ್ತೆ" ಎಂದುಬಿಟ್ಟರು.

ಮಾರನೆಯ ದಿನ ಭಾನುವಾರ. ಸವೆದ ಒರಳುಕಲ್ಲನ್ನು ಉಳಿಯಿಂದ ಕೊಚ್ಚಿಕೊಡಲು ನನ್ನ ಗಂಡ ಬಂಗಲೆಗೆ ಬಂದಿದ್ದ. ದೊರೆ ಅವನನ್ನು ಕರೆದು, "ತಿಮ್ಮರಾಯಪ್ಪ, ನೀನೂ ಸದ್ದಿನಲ್ಲೇ ಕೆಲಸ ಮಾಡೋನು. ಎರಡನ್ನೂ ಹಾಕ್ಕೊಂಡು ನೋಡಿ ಹೇಳಪ್ಪ" ಎಂದರು. ನಾನು ಅವರ ಹಿಂದೆ ನಿಂತು, ತೆಳುವಾದದ್ದು ಅನ್ನು, ತೆಳುವಾದದ್ದು ಅನ್ನು ಎಂದು ಕಣ್ಣಿನಲ್ಲೇ ತಿವಿದೆ. ಅವನು ನನ್ನ ಕಣ್ಣು ನೋಡುವ ಜಾತಿಯೇ ಅಲ್ಲ.

ದಪ್ಪದ್ದನ್ನು ತಲೆಗೇರಿಸಿದ. ಸುತ್ತ ನೋಡಿದ. ನಕ್ಕ. "ಸ್ವರ್ಗ ದೊರೆ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. ಕೆಟ್ಟೆ ಎಂದುಕೊಂಡೆ. ಆಮೇಲೆ ಅದೇನು ತೋಚಿತೋ, ತೆಗೆದು ಕೆಳಗಿಟ್ಟು ಮೂಲೆಯಲ್ಲಿದ್ದ ಹಾರೆ ತಂದು, ವರಾಂಡದ ಕಲ್ಲುಚಪ್ಪಡಿಗಳನ್ನು ಒಂದೊಂದಾಗಿ ತಟ್ಟುತ್ತ ಹೋದ. ಗಣಿಯಲ್ಲಿ ಕೆಲಸ ಮುಟ್ಟುವ ಮುಂಚೆ ಅವರು ಹೀಗೇ ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಬಂಡೆ ಗಂಟೆಯ ಹಾಗೆ ಠಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡ ಬಂಡೆ ತಮಟೆಯ ಹಾಗೆ ಧಬ್ ಎನ್ನುತ್ತದೆ. ಧಬ್ ಎಂದರೆ ಅದರ ಕೆಳಗೆ ಯಾರೂ ನಿಲ್ಲುವುದಿಲ್ಲ.

ಹಾರೆಯನ್ನು ದೊರೆಯ ಕೈಗೆ ಕೊಟ್ಟ. "ನಾನು ಆ ಕಡೆ ತಿರುಕ್ಕತೀನಿ. ನೀವು ಯಾವುದಾರಾ ತಟ್ಟಿ" ಎಂದ. ತೆಳುವಾದದ್ದನ್ನು ಹಾಕಿಕೊಂಡು ಗೋಡೆಗೆ ಮುಖ ಮಾಡಿದ. ದೊರೆ ತಟ್ಟಿದರು. "ಗಟ್ಟಿ." ತಟ್ಟಿದರು. "ಗಟ್ಟಿ." ಮೂಲೆಯ ಚಪ್ಪಡಿ ತಟ್ಟಿದರು. "ಅದು ಟೊಳ್ಳು, ಕೆಳಗೆ ಮಣ್ಣು ಕುಸಿದೈತೆ." ನನ್ನ ಮಾತು ಮೂರು ಸಲಕ್ಕೂ ಕೇಳದವನಿಗೆ ಕಲ್ಲಿನ ಮಾತು ಒಂದೇ ಸಲಕ್ಕೆ ಕೇಳಿಸಿತು. ಆಮೇಲೆ ದಪ್ಪದ್ದು ಹಾಕಿಕೊಂಡ. ದೊರೆ ಅದೇ ಟೊಳ್ಳು ಚಪ್ಪಡಿಯನ್ನು ನಾಲ್ಕು ಸಲ ತಟ್ಟಿದರು. ಅವನು ಗೋಡೆ ನೋಡುತ್ತಲೇ ಇದ್ದ. "ಶುರು ಮಾಡಿ ದೊರೆ" ಎಂದ.

ತೆಗೆದು ಕೇಳಿದ: "ಮ್ಯಾಲೆ ಓಗ್ತೀರಲ್ಲ, ಅಲ್ಲಿ ಏನಾರಾ ಕೆಡೋಕ್ ಮುಂಚೆ ನಿಮಗೆ ಯಾರು ಯೋಳ್ತಾರೆ?"

ದೊರೆ ಹಾರೆಯನ್ನು ಗೋಡೆಗೆ ಒರಗಿಸಿದರು. "ಇಂಜಿನ್ನೇ ಹೇಳ್ಬೇಕು. ಸದ್ದು ಒಂಚೂರು ಬದಲಾಗುತ್ತೆ" ಎಂದರು.

"ಅಂಗಾರೆ ಅದರ ಬಾಯಿ ಮುಚ್ಚಬ್ಯಾಡಿ. ಕಿವಿಗೆ ಸುಖ ಆಗ್ಲಿ ಅಂತ ನೋಡಿದ್ರೆ ಜೀವಕ್ಕೆ ಕಷ್ಟ ಆಗ್ತದೆ. ನಮ್ ಬಂಡೆ ಒಂದ್ ಕಿತ ಯೋಳ್ತದೆ ದೊರೆ, ಎಲ್ಡನೇ ಕಿತ ಯೋಳಲ್ಲ."

ತಿಂಗಳ ಜ್ವರ ಅಲ್ಲಿಗೆ ಬಿಟ್ಟಿತು. ದೊರೆ ತೆಳುವಾದದ್ದನ್ನು ಎತ್ತಿಕೊಂಡರು. ಹೊಸ ಸಾಮಾನು ಬರುವವರೆಗೆ ಅದರಲ್ಲೇ ಹಾರಿದರು, ಪ್ರತಿ ಸಲವೂ ಸುಖವಾಗಿ ಇಳಿದರು. ದಪ್ಪದ್ದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಗಂಡನ ಬಾಯಲ್ಲಿ ಇಷ್ಟು ಒಳ್ಳೆಯ ಮಾತು ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು. ದಾರಿಯುದ್ದಕ್ಕೂ ತೇಲುತ್ತ ನಡೆದೆ. ಮನೆಗೆ ಬಂದು, "ತಗಳಯ್ಯಾ, ನಾಳೆಯಿಂದ ಇದನ್ನ ಆಕ್ಕಂಡು ಒಳೀಕ್ ಇಳಿ" ಎಂದೆ.

ಅವನು ನನ್ನನ್ನು ನೋಡಿದ. "ಲೇ, ಈಗ್ತಾನೆ ಅಲ್ಲಿ ನಾನ್ ಏನ್ ಯೋಳ್ದೆ?"

"ಅದು ದೊರೆಗೆ ಯೋಳಿದ್ದಲ್ವಾ?"

"ಬಂಡೆಗೆ ದೊರೆ ಯಾರು, ಕೂಲಿ ಯಾರು?"

ನನಗೆ ಆಗ ಹೊಳೆಯಿತು. ಯಾವ ಮಾತು ಚಿಪ್ಪನ್ನು ನನ್ನ ಕೈಗೆ ತಂದಿತೋ ಅದೇ ಮಾತು ಅದನ್ನು ಕೆಲಸಕ್ಕೆ ಬಾರದಂತೆ ಮಾಡಿತ್ತು. ದಪ್ಪದ್ದು ಬೇಡ ಎಂದು ದಿನವೂ ನಾನು ಹೇಳಿದ ಸುಳ್ಳನ್ನು ಅವನು ಒಂದು ಗಳಿಗೆಯಲ್ಲಿ ನಿಜ ಮಾಡಿಬಿಟ್ಟಿದ್ದ. "ಮೆಷಿನ್ ಇಡಿಯೋ ಒತ್ತಿಗೆ ಮಾತ್ರ ಆಕ್ಕಳಯ್ಯಾ, ಆಮ್ಯಾಕೆ ತೆಗಿ" ಎಂದು ಬೇಡಿಕೊಂಡೆ. "ಮೆಷಿನ್ ಆಡುವಾಗ್ಲೇ ಬಂಡೆ ಬಿಡೋದು ಕಣೇ. ಪಕ್ಕದೋನು ಕೂಗಿದ್ರೆ ಯಾರ್ ಕೇಳ್ತಾರೆ, ನೀನಾ?" ಎಂದ. ಒಂದು ವಾರ ಜಗಳವಾಡಿದೆ. ಕಿವುಡನಾಗಿ ಸಾಯಿ ಎಂದೆ. "ಕಿವುಡ ಆದ್ರೆ ಸಾಯಲ್ಲ, ಅದ್ಕೇ ತಾನೆ ಯೋಳ್ತಿರೋದು" ಎಂದು ಮುದ್ದೆ ಮುರಿದ. ನಾನು ಚಿಪ್ಪನ್ನು ಮತ್ತೆ ಕಾಗದದಲ್ಲಿ ಸುತ್ತಿ ಒಳಗೆ ಎತ್ತಿಟ್ಟೆ.

ಆರೇಳು ವರ್ಷದಲ್ಲಿ ಅವನ ಕಿವಿ ಪೂರ್ತಿ ಹೋಯಿತು. ನಾನು ಹೆದರಿದ್ದು ಹೆದರಿದ ಹಾಗೆಯೇ ಆಯಿತು. ಆದರೆ ಮನುಷ್ಯ ಕೈಕಾಲು ಸಮೇತ ಮೇಲೆ ಬಂದ. ಕಿವಿ ಮಾತ್ರ ಕೆಳಗೇ ಬಿಟ್ಟು ಬಂದ. ಕಿವುಡರೆಲ್ಲರ ಹಾಗೆ ಕೂಗಿ ಮಾತಾಡುವುದನ್ನು ಕಲಿತ. ಉಪ್ಪು ಕಡಿಮೆ ಎಂದರೆ ಇಡೀ ಲೈನಿಗೆ ಗೊತ್ತಾಗುತ್ತದೆ ನಮ್ಮ ಮನೆಯ ಸಾರಿಗೆ ಉಪ್ಪು ಕಡಿಮೆ ಎಂದು.

ಕೆಲವು ಸಂಜೆ, ಅವನು ಹೊಸ್ತಿಲಲ್ಲಿ ಕೂತು ಎಂದೋ ನಡೆದ ಕಥೆಯನ್ನು ಕೂಗಲು ಶುರು ಮಾಡಿದರೆ, ನಾನು ಒಳಗಿನಿಂದ ಆ ದಪ್ಪ ಚಿಪ್ಪನ್ನು ತಂದು ಹಾಕಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ಮಿಲ್ಲಿನ ಸದ್ದಿಲ್ಲ, ಬೀದಿಯ ಸದ್ದಿಲ್ಲ. ದಿಬ್ಬದ ಮೇಲೆ ಬಿಸಿಲು ಇಳಿಯುತ್ತಿರುತ್ತದೆ, ಅವನ ಬಾಯಿ ಆಡುತ್ತಿರುತ್ತದೆ. ನಾನು ತಲೆಯಾಡಿಸುತ್ತೇನೆ. ನಾನೇನಾದರೂ ಅಂದರೆ ಅವನು ತಲೆಯಾಡಿಸುತ್ತಾನೆ. ನೋಡಿದವರು ಎಷ್ಟು ಅನ್ಯೋನ್ಯ ಎನ್ನುತ್ತಾರೆ. ಕಿವುಡನನ್ನು ಕಟ್ಟಿಕೊಂಡು ಹೇಗೆ ಬಾಳಿದೆಯೋ ತಾಯಿ ಎಂದು ಮರುಗುವವರೂ ಇದ್ದಾರೆ. ಗಂಡನ ಕಿವಿ ಉಳಿಸಬೇಕೆಂದು ದಿನಕ್ಕೊಂದು ಸುಳ್ಳು ಹೇಳಿದವಳು ನಾನು. ಉಳಿದದ್ದು ನನ್ನ ಕಿವಿ.